ಹೊಂಗೆಮರದ ಬುಡದ ಲಕ್ಷ್ಮಿ

ಯಲಹಂಕದ ಬಳಿಯ ಸಿಂಗಾಪುರದ ಆ ಬಡಾವಣೆಯಲ್ಲಿ ಮರಗಳಿಗೇನೂ ಬರವಿರಲಿಲ್ಲ. ಆದರೆ ನಾಯಿಗಳಿಗೆಲ್ಲ ಇಷ್ಟವಾಗಿದ್ದುದು ಒಂದೇ ಮರ: ಸೋಮನಾಥನ ಗೇಟಿಗೆ ಒತ್ತಿಕೊಂಡಿದ್ದ ಹೊಂಗೆಮರ. ಬೆಳಿಗ್ಗೆ ಹಾಲಿನವನು ಬರುವ ಮುಂಚೆ ಒಂದು ಸರದಿ, ಸಂಜೆ ಬೀದಿದೀಪ ಹತ್ತುವ ಹೊತ್ತಿಗೆ ಇನ್ನೊಂದು. ನಾಯಿಗಳು ಮಾಲೀಕರನ್ನು ಎಳೆದುಕೊಂಡು ಬಂದು, ಕೆಲಸ ಮುಗಿಸಿ, ಹಗುರಾಗಿ ಹೋಗುತ್ತಿದ್ದವು. ಆ ಹೊತ್ತಿನಲ್ಲಿ ಮಾಲೀಕರು ಆಕಾಶ ನೋಡುತ್ತಿದ್ದರು. ವಾಯುನೆಲೆ ಹತ್ತಿರವಿದ್ದುದರಿಂದ ಆಕಾಶ ನೋಡಲು ಅವರಿಗೊಂದು ನೆಪವೂ ಇತ್ತು.

ಸೋಮನಾಥ ಮಾಡದ ಪ್ರಯತ್ನವಿರಲಿಲ್ಲ. ‘ನಿಮ್ಮ ನಾಯಿಯದನ್ನು ದಯವಿಟ್ಟು ನೀವೇ ಎತ್ತಿ’ ಎಂದು ಬರೆದ ಬೋರ್ಡನ್ನು ಮರಕ್ಕೆ ಒರಗಿಸಿಟ್ಟ. ಲಕ್ಕಣ್ಣನವರ ಟೈಗರ್ ಅದರ ಮೇಲೇ ಕಾಲೆತ್ತಿತು. ಯಾರೋ ಹೇಳಿದರೆಂದು ಬಾಟಲಿಗಳಿಗೆ ನೀಲಿ ನೀರು ತುಂಬಿ ಗೇಟಿಗೆ ಕಟ್ಟಿದ. ನಾಯಿಗಳು ಅದನ್ನು ಅಲಂಕಾರ ಎಂದುಕೊಂಡವು. ಕಡೆಗೆ ಕಾಗದದ ಚೀಲಗಳ ಒಂದು ಕಟ್ಟನ್ನೇ ಮರಕ್ಕೆ ತೂಗುಹಾಕಿದ. ಸಂಜೆಯೊಳಗೆ ಅಷ್ಟೂ ಖಾಲಿಯಾದದ್ದು ನೋಡಿ ಜನ ಬದಲಾದರೆಂದು ಹಿಗ್ಗಿದ. ಮಾರನೆಯ ದಿನ ಬಡಾವಣೆಯವರೆಲ್ಲ ಅದೇ ಚೀಲಗಳಲ್ಲಿ ಬೀನ್ಸು ತರುತ್ತಿದ್ದರು.

ಲಕ್ಕಣ್ಣನವರ ವಾದವೇ ಬೇರೆ. ಬಡಾವಣೆ ಎದ್ದಿದ್ದು ಅವರ ರಾಗಿ ಹೊಲದ ಮೇಲೆ. ಹೊಲ ಮಾರಿ, ಮೂರು ಅಪಾರ್ಟ್‌ಮೆಂಟು ಕಟ್ಟಿಸಿದ್ದರೂ ಅವರ ಮನಸ್ಸಿನಲ್ಲಿ ಅದಿನ್ನೂ ಹೊಲವೇ.

“ಸೋಮಣ್ಣೋರೆ, ನಮ್ಮಪ್ಪನ ಕಾಲ್ದಾಗೆ ಇಲ್ಗೆ ಗಾಡಿಗಟ್ಲೆ ಗೊಬ್ರ ಒಡೀತಿದ್ವಿ. ಆಗ ಯಾರೂ ಬ್ಯಾಡ ಅನ್ನಲಿಲ್ಲ. ಟೈಗರ್ ಆಕೋದು ಎಷ್ಟು, ಒಂದು ಹಿಡಿ. ಮರಕ್ ಒಳ್ಳೇದು ಬಿಡಿ,” ಎನ್ನುತ್ತಿದ್ದರು.

ಈ ಸಲ ವಿಷಯ ಗಂಭೀರವಾಗಿತ್ತು. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಹೋದ ವರ್ಷ ಹಬ್ಬದ ಸಂಜೆ, ಅರಿಶಿನ ಕುಂಕುಮಕ್ಕೆ ಬಂದ ಲಕ್ಕಣ್ಣನವರ ಹೆಂಡತಿ ಮುನಿವೆಂಕಟಮ್ಮ ಗೇಟಿನ ಮುಂದೆಯೇ ತುಳಿಯಬಾರದ್ದನ್ನು ತುಳಿದಿದ್ದರು. ಪೂಜೆಯ ದಿನ ಅವರು ಚಪ್ಪಲಿ ಹಾಕುವುದಿಲ್ಲ. ತುಳಿದದ್ದು ತಮ್ಮ ಟೈಗರ್‌ನದೇ ಎಂಬ ಯೋಚನೆ ಅವರಿಗೆ ಬರಲಿಲ್ಲ. ಅಲ್ಲಿಂದಲೇ ಹಿಂದಿರುಗಿ, “ಆ ಮನೆ ಒಸ್ಲು ಸುದ್ದ ಇಲ್ಲ ಕಣ್ರವ್ವ,” ಎಂದು ಊರಿಗೆಲ್ಲ ಹೇಳಿದ್ದರು. ಉಳಿದ ಹೆಂಗಸರೂ ಬರಲಿಲ್ಲ. ಸೋಮನಾಥನ ಹೆಂಡತಿ ಶಾಂತಲಾ ಎರಡು ದಿನ ಒಬ್ಬಳೇ ಒಬ್ಬಟ್ಟು ತಿಂದಿದ್ದಳು.

“ಈ ವರ್ಷವೂ ಹಂಗೇ ಆದ್ರೆ, ಮುಂದಿನ ಹಬ್ಬಕ್ಕೆ ನಾನು ಚಿಕ್ಕಜಾಲಕ್ಕೆ ಅಮ್ಮನ ಮನೆಗೆ ಹೋಗ್ತೀನಿ. ನೀವು ನಾಯಿಗಳ ಜೊತೆ ಹಬ್ಬ ಮಾಡ್ಕೊಳ್ಳಿ,” ಎಂದು ಅವಳು ಹೇಳಿಯಾಗಿತ್ತು. ಅವಳು ಹೇಳಿದ್ದನ್ನು ಮಾಡುವವಳು.

ಗುರುವಾರ ಸಂಜೆಯೇ ಸೋಮನಾಥ ಕಾವಲಿಗೆ ನಿಂತ. ಟೈಗರ್ ಬಂದು, ಮರದ ಬುಡದಲ್ಲಿ ಒಂದು ಸುತ್ತು ಹಾಕಿ, ಬೆನ್ನು ಬಿಲ್ಲಿನಂತೆ ಬಾಗಿಸತೊಡಗಿತು. ಸೋಮನಾಥ ಅಡುಗೆಮನೆಗೆ ಓಡಿದ. ಶಾಂತಲಾ ಒಬ್ಬಟ್ಟಿಗೆಂದು ನಾದಿ ಎಣ್ಣೆಯಲ್ಲಿ ನೆನೆಯಲು ಬಿಟ್ಟಿದ್ದ ಕಣಕದಿಂದ ಒಂದು ಉಂಡೆ ಕಿತ್ತು ತಂದು ರಸ್ತೆಯಾಚೆ ಎಸೆದ. ಟೈಗರ್ ಓಡಿಹೋಗಿ ಅದನ್ನು ಅಗಿಯದೆ ನುಂಗಿತು. ಬಳಿಕ ಶಾಂತವಾಗಿ ವಾಪಸು ಬಂದು, ಬಿಟ್ಟಲ್ಲಿಂದ ಮುಂದುವರಿಸಿತು.

ಶುಕ್ರವಾರ ಬೆಳಿಗ್ಗೆ ಶಾಂತಲಾ ನಸುಕಿನಲ್ಲೇ ಎದ್ದು ಅಂಗಳ ತೊಳೆದು ಎಂಟು ದಳದ ಕಮಲದ ರಂಗೋಲಿ ಹಾಕಿದಳು. ಅವಳು ರಂಗೋಲಿ ಡಬ್ಬಿ ಒಳಗಿಟ್ಟು ಬರುವಷ್ಟರಲ್ಲಿ ಪಕ್ಕದ ಮನೆಯ ರಮ್ಯಳ ಪುಟ್ಟ ನಾಯಿ ಮಫಿನ್ ಕಮಲದ ನಡುವೆ ಕುಳಿತು ಎದ್ದಿತ್ತು. ರಮ್ಯ ಕಿವಿಗೆ ತಂತಿ ಸಿಕ್ಕಿಸಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದಳು. “ಸಾರಿ ಅಂಕಲ್, ಕಾಲ್‌ನಲ್ಲಿದೀನಿ,” ಎಂದು ಹೊರಗೆ ಓಡಿಬಂದ ಸೋಮನಾಥನಿಗೆ ಸನ್ನೆ ಮಾಡಿ ಹೋದಳು.

ಶಾಂತಲಾ ರಂಗೋಲಿ ನೋಡಿದಳು. ಗಂಡನ ಮುಖ ನೋಡಿ ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಸೋಮನಾಥನಿಗೆ.

ಅವನು ತಂಬಿಗೆ ನೀರು, ಪೊರಕೆ ಹಿಡಿದು ಕಮಲವನ್ನು ತೊಳೆಯುತ್ತಿದ್ದಾಗ ಬಡಾವಣೆ ಸಂಘದ ಕಾರ್ಯದರ್ಶಿ ನಾಗೇಶ್ ಬಂದ. ನಾಗೇಶ್‌ಗೆ ನಾಯಿ ಇರಲಿಲ್ಲ. ಬೇರೆಯವರ ವಿಷಯಗಳನ್ನು ಸಾಕುವುದರಲ್ಲೇ ಅವನಿಗೆ ಪುರಸೊತ್ತು ಸಾಲುತ್ತಿರಲಿಲ್ಲ.

“ಏನ್ ಸರ್ ಸಮಾಚಾರ? ಹಬ್ಬದ ದಿನ ಬಗ್ಗಿ ಏನೋ ಹುಡುಕ್ತಿದೀರ?”

ಸೋಮನಾಥ ತಲೆ ಎತ್ತಿದ. ಅವನು ವಿಮಾ ಕಂಪನಿಯ ನೌಕರ. ಜನ ಸಲ್ಲಿಸುವ ಪರಿಹಾರದ ಅರ್ಜಿಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ಹೆಕ್ಕುವುದೇ ಅವನ ಕೆಲಸ. ಒಳ್ಳೆಯ ಸುಳ್ಳಿಗೆ ಏನು ಬೇಕೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ‘ಹುಡುಕ್ತಿದೀರ’ ಎಂಬ ಮಾತು ಕೇಳಿದ್ದೇ ತಲೆಯಲ್ಲಿ ದೀಪ ಹತ್ತಿತು.

“ಯಾರಿಗೂ ಹೇಳ್ಬೇಡಿ ನಾಗೇಶ್. ಉಂಗುರ ಹುಡುಕ್ತಿದೀನಿ.”

“ಉಂಗುರಾನಾ? ಇದರಲ್ಲಾ?”

“ನಿನ್ನೆ ಸಂಜೆ, ಲಕ್ಷ್ಮಿಗೆ ಹಾಕೋದಕ್ಕೆ ಅಂತ ತೊಳೆದು ಇಲ್ಲೇ ಕಟ್ಟೆ ಮೇಲೆ ಇಟ್ಟಿದ್ದೆ. ಕೈ ತುಪ್ಪ ಆಗಿತ್ತು ನೋಡಿ, ಅದೇ ವಾಸನೆಗೆ ಯಾವುದೋ ನಾಯಿ ಬಂದು ನುಂಗ್ಬಿಡ್ತು.”

“ಯಾವ ನಾಯಿ?”

“ನಾನು ಬರೋಷ್ಟರಲ್ಲಿ ಬಾಲ ಮಾತ್ರ ಕಂಡಿದ್ದು.”

“ಎಂಥಾ ಉಂಗುರ ಸರ್?”

ವಿವರವಿಲ್ಲದ ಅರ್ಜಿಯನ್ನು ಯಾರೂ ನಂಬುವುದಿಲ್ಲ. ಸೋಮನಾಥನಿಗೆ ನೆನಪಿದ್ದ ಉಂಗುರ ಒಂದೇ, ಹೆಂಡತಿಯದು. ಅದನ್ನೇ ವರ್ಣಿಸಿದ. “ಕೆಂಪು ಕಲ್ಲಿಂದು. ಸುತ್ತ ಹೂವಿನ ಕೆಲಸ. ಒಳಗಡೆ ‘ಶಾ’ ಅಂತ ಕೆತ್ತಿದೆ.”

“ಅಯ್ಯಯ್ಯೋ. ಸಿಕ್ಕಿದ್ರೆ ತಂದ್ಕೊಡೋಕೆ ಹೇಳ್ತೀನಿ.”

“ಬೇಡ ಬೇಡ. ನಾಯಿ ಹೊಟ್ಟೆಗೆ ಹೋಗಿದ್ದನ್ನ ಮತ್ತೆ ದೇವಿಗೆ ಹಾಕೋಕಾಗುತ್ತಾ? ನಾವೂ ಇಟ್ಕೊಳ್ಳೋ ಹಾಗಿಲ್ಲ. ವರಮಹಾಲಕ್ಷ್ಮಿ ದಿನ ಯಾರಿಗೆ ಸಿಗುತ್ತೋ ಅವರಿಗೆ ಲಕ್ಷ್ಮಿ ಒಲಿದ ಹಾಗೆ. ಆದ್ರೆ ಗುಟ್ಟಾಗಿರಲಿ.”

ನಾಗೇಶ್ ಎದೆ ಮುಟ್ಟಿ ಆಣೆ ಮಾಡಿ ಹೊರಟ. ಅವನು ಮೂಲೆ ತಿರುಗುವ ಮೊದಲೇ ಎರಡು ಮನೆಯ ಕಿಟಕಿಗಳು ತೆರೆದುಕೊಂಡವು.

ಮುಂದಿನ ಕೆಲವು ಗಂಟೆಗಳಲ್ಲಿ ನಡೆದದ್ದನ್ನು ಬಡಾವಣೆ ಹಿಂದೆಂದೂ ಕಂಡಿರಲಿಲ್ಲ. ಆಕಾಶ ನೋಡುವವರು ಒಬ್ಬರೂ ಇರಲಿಲ್ಲ. ಪ್ರತಿಯೊಬ್ಬ ಮಾಲೀಕನೂ ತನ್ನ ನಾಯಿಯ ಹಿಂಭಾಗವನ್ನು ಜ್ಯೋತಿಷಿ ಅಂಗೈ ನೋಡುವಷ್ಟು ಶ್ರದ್ಧೆಯಿಂದ ನೋಡುತ್ತ ನಡೆದ. ನಾಯಿ ಕುಳಿತರೆ ಮಾಲೀಕನೂ ಕುಳಿತ. ಬಿದ್ದದ್ದನ್ನು ನೆಲದಲ್ಲಿ ಆರಲು ಬಿಡದೆ ಕಾಗದದಲ್ಲಿ ಕಟ್ಟಿ, ಸೆರಗಿನ ಮರೆಯಲ್ಲೋ ಟಿಫನ್ ಕ್ಯಾರಿಯರಿನಲ್ಲೋ ಮನೆಗೆ ಸಾಗಿಸಲಾಯಿತು. ನಾಯಿ ಇಲ್ಲದವರು ಬೀದಿನಾಯಿಗಳನ್ನು ಹಂಚಿಕೊಂಡರು. ನಿನ್ನೆವರೆಗೆ ಕಲ್ಲೇಟು ತಿನ್ನುತ್ತಿದ್ದ ಕುಂಟ ನಾಯಿ ಕರಿಯನಿಗೆ ಎರಡು ಮನೆಯವರು ಪೈಪೋಟಿಯಲ್ಲಿ ಬಾಳೆಹಣ್ಣು ತಿನ್ನಿಸಿದರು. ಹಳೆಯ ಬಾಕಿಯನ್ನೂ ಯಾರೂ ಬಿಡಲಿಲ್ಲ. ಚರಂಡಿ ಅಂಚು, ಖಾಲಿ ಸೈಟು, ಟ್ರಾನ್ಸ್‌ಫಾರ್ಮರಿನ ಹಿಂಭಾಗ ಎಲ್ಲ ಬಳಿದು ಒಯ್ದರು.

ರಮ್ಯ ಆಫೀಸಿಗೆ ರಜೆ ಹಾಕಿ, ಕೈಗವಸು ತೊಟ್ಟು, ಹಿತ್ತಲ ನಲ್ಲಿಯ ಬಳಿ ಜಾಲರಿಯೊಂದನ್ನು ಹಿಡಿದು ಕುಳಿತಿದ್ದಳು. ಸೋಮನಾಥ ಗೋಡೆಯಾಚೆಯಿಂದ ಇಣುಕಿದ.

“ಅದು ಟೀ ಸೋಸೋದಲ್ವೇನಮ್ಮ?”

“ಪರವಾಗಿಲ್ಲ ಅಂಕಲ್, ಹೊಸದು ಆರ್ಡರ್ ಮಾಡಿದೀನಿ. ಸಂಜೆ ಬರುತ್ತೆ.”

ಅವಳ ಮನೆಯಲ್ಲಿ ಸಂಜೆಯ ಮೊದಲು ಯಾರೂ ಚಹಾ ಕುಡಿಯದಿರಲಿ ಎಂದು ಸೋಮನಾಥ ಮನಸ್ಸಿನಲ್ಲೇ ಹಾರೈಸಿದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಒಂದು ಸುತ್ತು ಮುಗಿಸಿ ಸ್ವಂತ ಮನೆಗೇ ಬಂತು. ಶಾಂತಲಾ ಸೊಂಟಕ್ಕೆ ಕೈಯಿಟ್ಟು ನಿಂತಳು. “ಏನ್ರೀ ಇದು? ಯಾವ ಉಂಗುರ, ಯಾವ ನಾಯಿ?”

ಸೋಮನಾಥ ಎಲ್ಲ ಒಪ್ಪಿಕೊಂಡ.

“ದೇವರ ಹೆಸರಲ್ಲಿ ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ ನಿಮಗೆ?” ಎಂದು ಶುರುಮಾಡಿದವಳು ಕಿಟಕಿಯಿಂದ ಹೊರಗೆ ನೋಡಿದಳು. ಹೊಂಗೆಮರದ ಬುಡ ತೊಳೆದ ತಟ್ಟೆಯಂತಿತ್ತು. ಲಕ್ಕಣ್ಣನವರ ಮನೆಯ ಆಳು ಅದರ ಸುತ್ತಲಿನ ಮಣ್ಣನ್ನೂ ಜರಡಿ ಹಿಡಿಯುತ್ತಿದ್ದ. ಅವಳ ಕೋಪ ಉಳಿಯಲಿಲ್ಲ. ಸೆರಗು ಬಾಯಿಗೆ ಒತ್ತಿ ನಕ್ಕಳು.

“ನಿನ್ನ ಕೆಂಪಿನ ಉಂಗುರಾನೇ ವರ್ಣಿಸಿದೀನಿ. ಇವತ್ತು ಅದನ್ನ ಹಾಕ್ಕೋಬೇಡ, ಸಿಕ್ಕಿಬೀಳ್ತೀವಿ.”

“ಹಾಕ್ಕೊಂಡೇ ಇಲ್ಲ. ನಿನ್ನೆ ಅಡುಗೆ ಗಡಿಬಿಡೀಲಿ ತೆಗೆದು ಎಲ್ಲೋ ಇಟ್ಟಿದೀನಿ. ಆಮೇಲೆ ಹುಡುಕ್ತೀನಿ.”

“ಹುಡುಕ್ಲೇಬೇಡ. ರಾತ್ರಿವರೆಗೆ ಅದು ಸಿಗದೆ ಇರೋದೇ ನಮಗೆ ಕ್ಷೇಮ.”

ಸಂಜೆ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಹೊಸ ರಂಗೋಲಿ ಹಾಗೇ ಇತ್ತು. ಕಡೆಗೆ ರೇಷ್ಮೆ ಸೀರೆಯಲ್ಲಿ, ಬರಿಗಾಲಿನಲ್ಲಿ ಮುನಿವೆಂಕಟಮ್ಮ ಬಂದರು. ಸೋಮನಾಥ ಅವರ ಪಾದಗಳನ್ನೇ ನೋಡಿದ. ಎಡಗಾಲು ಗೇಟು ದಾಟಿತು. ಬಲಗಾಲು ದಾಟಿತು. ಎರಡೂ ಹೊಸಿಲು ದಾಟಿ ಒಳಗೆ ಬಂದವು. ಶಾಂತಲಾ ಗಂಡನ ಕಡೆ ತಿರುಗಿ ಮದುವೆಯಾದ ಹೊಸದರಲ್ಲಿ ನಕ್ಕಂತೆ ನಕ್ಕಳು. ಸೋಮನಾಥನಿಗೆ ಜನ್ಮ ಸಾರ್ಥಕವಾಯಿತೆನಿಸಿತು.

ಶಾಂತಲಾ ಅರಿಶಿನ ಕೊಡಲು ತಟ್ಟೆ ಚಾಚಿದಳು. ಮುನಿವೆಂಕಟಮ್ಮ ಕೈ ಮುಂದೆ ಮಾಡಿದರು. ಅವರ ಕಿರುಬೆರಳಲ್ಲಿ, ಉಗುರಿನ ಹತ್ತಿರವೇ ಸಿಕ್ಕಿಕೊಂಡಂತೆ, ಒಂದು ಉಂಗುರವಿತ್ತು.

“ನೋಡವ್ವ ಸಾಂತಲ, ಲಕ್ಸ್ಮಿ ನಮ್ ಮನೇಗೇ ಒಲಿದ್ಳು! ನಿಮ್ ಉಂಗ್ರ ನುಂಗಿದ್ದು ನಮ್ ಟೈಗರೇ ಕಣವ್ವ. ಬೆಳಗಿಂದ ಬಾಳೇಣ್ಣು, ಕುಂಬಳಕಾಯಿ ತಿನ್ಸಿ ತಿನ್ಸಿ ಸಾಕಾಗೋಗಿತ್ತು. ಈಗ ಒಂದ್ ಗಳಿಗೆ ಮುಂಚೆ ಬಿತ್ತು. ಬಿಸಿನೀರು, ಅರಿಸ್ನ, ಗಂಜ್ಲ ಎಲ್ಲಾದ್ರಾಗೂ ತೊಳ್ದೀವ್ನಿ.”

ಹೂವಿನ ಕೆಲಸ. ಉಗುರಿನ ಕಡೆಯ ಸಂದಿಯಲ್ಲಿ, ಒಳಗಡೆ ‘ಶಾ’ ಎಂಬ ಅಕ್ಷರ. ಶಾಂತಲಾ ಅರಿಶಿನದ ತಟ್ಟೆ ಕೆಳಗಿಟ್ಟಳು. ಅವಳು “ಒಂದ್ನಿಮಿಷ ಬಂದೆ” ಎಂದು ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ರೀ, ನಿನ್ನೆ ಟೈಗರ್‌ಗೆ ಏನೋ ಎಸೆದ್ರಲ್ಲ, ಏನದು?”

“ಒಂದು ಉಂಡೆ ಕಣಕ…”

“ನಾನು ಉಂಗುರ ತೆಗೆದೇ ಇರಲಿಲ್ಲ ಕಣ್ರೀ. ನಾದೋವಾಗ ಎಣ್ಣೆಗೆ ಜಾರಿಬಿಟ್ಟಿದೆ! ಅಮ್ಮ ಕೊಟ್ಟ ಉಂಗುರ ಅದು!”

ಇಷ್ಟು ವರ್ಷದ ನೌಕರಿಯಲ್ಲಿ ಸೋಮನಾಥ ಸುಳ್ಳು ಅರ್ಜಿಗಳನ್ನು ನೂರಾರು ನೋಡಿದ್ದ. ಸಲ್ಲಿಸಿದ ಮೇಲೆ ನಿಜವಾಗಿಬಿಟ್ಟ ಸುಳ್ಳನ್ನು ನೋಡಿದ್ದು ಇದೇ ಮೊದಲು. ಅವನು ನಡುಮನೆಗೆ ಬಂದ.

“ಮುನಿವೆಂಕಟಮ್ಮನವರೇ, ಆ ಉಂಗುರ… ನಮ್ಮತ್ತೆ ಕೊಟ್ಟಿದ್ದು. ಅದಕ್ಕೆ…”

“ಅಯ್ ಸುಮ್ಕಿರಿ ಯಜಮಾನ್ರೇ,” ಎಂದು ಆಕೆ ಕೈ ಮುಗಿದರು. “ಸಿಕ್ದೋರ್ಗೆ ಲಕ್ಸ್ಮಿ ಅಂತ ನೀವೇ ಅಂದ್ರಂತೆ, ನಾಗೇಸ ಬೀದಿಗೆಲ್ಲ ಏಳವ್ನೆ. ಎಂಥಾ ದೊಡ್ ಮನ್ಸು ನಿಮ್ದು! ಓದ ವರ್ಸ ಈ ಮನೆ ಒಸ್ಲು ಸುದ್ದ ಇಲ್ಲ ಅಂದಿದ್ನಲ್ಲ, ನನ್ ಬಾಯಿಗ್ ಉಳ ಬೀಳ.”

ಕುಳಿತಿದ್ದ ಹೆಂಗಸರೆಲ್ಲ ಹೌದೌದೆಂದು ತಲೆಯಾಡಿಸಿದರು. ಇನ್ನು ಉಂಗುರ ಕೇಳಿದರೆ ಸುಳ್ಳು ಹೇಳಿದೆನೆಂದು ಒಪ್ಪಬೇಕು. ಕೇಳದಿದ್ದರೆ ಉಂಗುರ ಹೋಯಿತು. ಸೋಮನಾಥ ಒಬ್ಬಟ್ಟಿನ ತಟ್ಟೆ ಹಿಡಿದು ನಿಂತೇ ಇದ್ದ.

“ಒಂದೇ ಬೇಜಾರು,” ಎಂದರು ಮುನಿವೆಂಕಟಮ್ಮ, ಉಂಗುರ ತಿರುಗಿಸಿ ತೋರಿಸುತ್ತ. ನಡುವಿನ ಗೂಡು ಖಾಲಿಯಿತ್ತು. “ಕೆಂಪು ಕಲ್ಲು ಕಳಚ್ಕೊಂಡೈತೆ. ಇನ್ನೂ ಅದರ ಒಟ್ಟೇಲೇ ಇರ್ಬೇಕು. ಅದು ಮಾತ್ರ ನಿಮ್ದೇ ಕಣವ್ವ. ನೀವೇ ಉಡುಕ್ಕೊಳ್ಳಿ. ಪರರ ಕಲ್ಲು ನಂಗ್ಯಾಕೆ?”

ಉಂಗುರ ಸಿಕ್ಕಿತೆಂಬ ಸುದ್ದಿ ಹೆಂಗಸರಿಗಿಂತ ಮುಂಚೆಯೇ ರಸ್ತೆಗಿಳಿಯಿತು. ಜರಡಿಗಳು ಅಟ್ಟ ಸೇರಿದವು. ದೀಪ ಹತ್ತುವ ಹೊತ್ತಿಗೆ ನಾಯಿಗಳು ಹೊಂಗೆಮರಕ್ಕೆ ವಾಪಸಾದವು, ಮಾಲೀಕರು ಆಕಾಶಕ್ಕೆ.

ಶನಿವಾರ ಬೆಳಿಗ್ಗೆ ಲಕ್ಕಣ್ಣ ಟೈಗರ್‌ನ ಸರಪಳಿ ಹಿಡಿದು ಹೊರಟರು. ಅವರ ಹಿಂದೆ ಒಂದು ಕೈಯಲ್ಲಿ ಹಳೆಯ ಪೇಪರು, ಇನ್ನೊಂದರಲ್ಲಿ ರಮ್ಯ ದಯಪಾಲಿಸಿದ ಜಾಲರಿ ಹಿಡಿದು ಸೋಮನಾಥ ಹೊರಟ. ಕಲ್ಲಿಲ್ಲದೆ ಮನೆಗೆ ಬರಬೇಡಿ ಎಂದು ಶಾಂತಲಾ ಹೇಳಿದ್ದಳು. ಭಾನುವಾರ ಅವಳ ಅಮ್ಮ ಬರುವವರಿದ್ದರು. ಟೈಗರ್ ಕುಳಿತಲ್ಲೆಲ್ಲ ಸೋಮನಾಥ ಕುಳಿತ. ಚೂರೂ ಬಿಡದೆ ಎತ್ತಿದ.

ನಾಗೇಶ್ ಎದುರಿನಿಂದ ಬಂದು ಅದರ ಫೋಟೊ ತೆಗೆದ. ಅದು ಆಗಲೇ ಬಡಾವಣೆಯ ಗುಂಪಿಗೆ ಹೋಯಿತು: ‘ಸ್ವಂತ ನಾಯಿ ಇಲ್ಲದಿದ್ದರೂ ಪರರ ನಾಯಿಯದನ್ನು ಎತ್ತುವ ಮಾದರಿ ನಾಗರಿಕ. ಎಲ್ಲರೂ ನೋಡಿ ಕಲಿಯಿರಿ.’ ಕೆಳಗೆ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದವು. ಒಬ್ಬರು ತಮ್ಮ ನಾಯಿ ಹೊರಗೆ ಬರುವ ಸಮಯವನ್ನೂ ತಿಳಿಸಿದ್ದರು.

ಅಂದು ಕಲ್ಲು ಸಿಗಲಿಲ್ಲ. ಲಕ್ಕಣ್ಣ ಆಕಾಶದಿಂದ ಕಣ್ಣು ಕೆಳಗಿಳಿಸಿ, ಬಗ್ಗಿದ್ದ ಸೋಮನಾಥನ ಬೆನ್ನನ್ನು ಮೆಚ್ಚುಗೆಯಿಂದ ನೋಡಿದರು.

“ನಾಳೀಕೆ ವಸಿ ಬೇಗ ಬನ್ನಿ ಸೋಮಣ್ಣೋರೆ,” ಎಂದರು. “ಟೈಗರ್ ಕಾಯಾಕಿಲ್ಲ.”