ನೋಡಲೇಬೇಕು ಅಂತ ನಾನು ಹೇಳಿದ ಮೇಲೆ

ನಾನು ಸುಳ್ಳು ಹೇಳುವವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಓದುತ್ತಾ ಹೋದ ಹಾಗೆ ನಿಮಗೆ ಅನುಮಾನ ಬರಬಹುದು. ಹೊಸನಗರದ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನಾನು ಸಹಾಯಕಿ. ಆಸಿಡ್ ಎಷ್ಟು ಬೇಕೋ ಅಷ್ಟೇ ಅಳೆದು ಕೊಡುತ್ತೇನೆ, ಮನೆಗೆ ಬಂದ ಮೇಲೆ ಸಾರಿನ ಹುಳಿಯನ್ನೂ ಹಾಗೆಯೇ ಹಾಕುತ್ತೇನೆ. ಯಾರಾದರೂ ವಯಸ್ಸು ಕೇಳಿದರೆ ನಿಜವಾದ ವಯಸ್ಸನ್ನೇ ಹೇಳಿ ಅವರಿಗೇ ಮುಜುಗರವಾಗುವಂತೆ ಮಾಡಿದ್ದುಂಟು. ಆದರೆ ‘ನೋಡೋಕೆ ಒಳ್ಳೇದು ಎಂತ ಇದೆ ಮೇಡಂ?’ ಎಂದು ಕೇಳಿದರೋ, ಅಲ್ಲಿಗೆ ನನ್ನ ಅಳತೆಯೆಲ್ಲ ಕೈಬಿಟ್ಟು ಹೋಗುತ್ತದೆ. ಒಂದು ಧಾರಾವಾಹಿ ಇಷ್ಟವಾಯಿತೆಂದರೆ ಅದು ಇರುವುದಕ್ಕಿಂತ ಸ್ವಲ್ಪ ಹೆಚ್ಚೇ ಚೆನ್ನಾಗಿ ನನ್ನ ಬಾಯಿಂದ ಹೊರಗೆ ಬರುತ್ತದೆ. ಇದನ್ನು ಸುಳ್ಳು ಎನ್ನುವವರು ಎನ್ನಲಿ, ನಾನು ಪ್ರೀತಿ ಎನ್ನುತ್ತೇನೆ.

ಇದು ನನಗೆ ಅಜ್ಜಿಯ ಕಡೆಯಿಂದ ಬಂದದ್ದು. ಅಜ್ಜಿ ಯಾವಾಗಲಾದರೊಮ್ಮೆ ಸಾಗರದ ಟಾಕೀಸಿಗೆ ಹೋಗಿ ಒಂದು ಸಿನಿಮಾ ನೋಡಿ ಬಂದರೆ, ಮಾರನೆಯ ದಿನದಿಂದ ಕೇರಿಯ ಹೆಂಗಸರೆಲ್ಲ ನಮ್ಮ ಹಿತ್ತಿಲಿಗೆ ಹಾಜರಾಗುತ್ತಿದ್ದರು. ಅಜ್ಜಿ ಕಥೆ ಹೇಳಿ ಮುಗಿಸಲು ಸಿನಿಮಾಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ನಾಯಕಿ ಉಟ್ಟ ಸೀರೆಯ ಬಣ್ಣ, ಬಡಿಸಿದ ಪಲ್ಯ ಯಾವುದು ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ಆಗಿನ ಸಿನಿಮಾ ಕಪ್ಪು ಬಿಳುಪು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹಾಗೆಂದು ಅಜ್ಜಿಯನ್ನು ಯಾರೂ ಸುಳ್ಳುಗಾತಿ ಎನ್ನಲಿಲ್ಲ, ಬದಲಿಗೆ ಇನ್ನೊಂದು ಲೋಟ ಕಾಫಿ ಕೊಟ್ಟರು.

ನನ್ನ ಹಿತ್ತಿಲು ಎಂದರೆ ಸಾಗರದಿಂದ ಹೊಸನಗರಕ್ಕೆ ಹೋಗುವ ಬೆಳಗಿನ ಬಸ್ಸು. ನಾನು ಹತ್ತುವುದು ಊರಾಚೆಯ ತಿರುವಿನಲ್ಲಿ, ಅಷ್ಟರಲ್ಲಿ ಬಸ್ಸು ತುಂಬಿ ನಿಂತವರ ಬೆವರು ಕೂತವರಿಗೆ ತಾಗುತ್ತಿರುತ್ತದೆ. ಆದರೂ ನನಗೆ ದಿನವೂ ಸೀಟು ಸಿಗುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲೇ ಹತ್ತುವ ನರ್ಸ್ ವಿಶಾಲಾಕ್ಷಿ, ಡ್ರೈವರ್ ಹಿಂದಿನ ಸೀಟಿನಲ್ಲಿ ತಾನು ಕೂತು ಪಕ್ಕದಲ್ಲಿ ನನಗಾಗಿ ಕರ್ಚೀಫು ಹಾಕಿರುತ್ತಿದ್ದಳು. ಯಾರು ಏನೇ ಅಂದರೂ ‘ಲ್ಯಾಬ್ ಮೇಡಂ ಬರ್ತಾರೆ’ ಎಂದು ಆ ಕರ್ಚೀಫನ್ನು ಕಾಯುತ್ತಿದ್ದಳು. ಅದಕ್ಕೆ ಬದಲಾಗಿ ನಾನು ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರು ದಾಟುವವರೆಗೆ ಹಿಂದಿನ ದಿನ ನೋಡಿದ್ದನ್ನು ಹೇಳಬೇಕು. ಮಧ್ಯೆ ಕಾಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವಾದ್ದರಿಂದ ಹಿಂದಿನ ಮುಂದಿನ ಸೀಟಿನವರ ಕಿವಿಗಳೂ ನನ್ನ ಕಡೆಗೇ ಇರುತ್ತಿದ್ದವು. ನಾನು ಒಳ್ಳೆಯದು ಎಂದದ್ದನ್ನು ಅರ್ಧ ಬಸ್ಸು ಆ ಸಂಜೆಯೇ ಹಾಕಿಕೊಂಡು ನೋಡುತ್ತಿತ್ತು.

ಇಂಥ ವೈಭವಕ್ಕೆ ಕಲ್ಲು ಬಿದ್ದದ್ದು ಒಂದು ಸಾಕ್ಷ್ಯಚಿತ್ರದಿಂದ. ಯಾವುದೋ ದೇಶದ ಸಮುದ್ರದ ನಡುವೆ ದೀಪಸ್ತಂಭ ಕಾಯುವ ಒಬ್ಬ ಮುದುಕನ ಕಥೆ ಅದು. ಅವನು ಏಳುತ್ತಾನೆ, ದೀಪದ ಗಾಜು ಒರೆಸುತ್ತಾನೆ, ಚಹಾ ಕುಡಿಯುತ್ತಾನೆ, ಮತ್ತೆ ಒರೆಸುತ್ತಾನೆ. ನನಗೆ ಅದು ಎಷ್ಟು ಹಿಡಿಸಿತೆಂದರೆ, ಬಸ್ಸಿನಲ್ಲಿ ಹೇಳುವಾಗ ಆ ಬಡಪಾಯಿಗೆ ಜೊತೆಗೊಂದು ಜೀವ ಇರಲಿ ಎನ್ನಿಸಿ ಒಂದು ಕುಂಟ ಹಕ್ಕಿಯನ್ನು ಕೊಟ್ಟೆ. ಅವನು ಅದಕ್ಕೆ ದಿನವೂ ರೊಟ್ಟಿ ಹಾಕುತ್ತಾನೆ, ಕೆಲಸ ಬಿಟ್ಟು ದೋಣಿ ಹತ್ತುವ ದಿನ ಅದು ದಡದವರೆಗೂ ಹಿಂದೆಯೇ ಹಾರಿ ಬರುತ್ತದೆ. ಆ ಸಂಜೆ ಸಾಗರ, ಹೊಸನಗರ ಎರಡೂ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಜನ ಹಕ್ಕಿಗಾಗಿ ಕಾದು ಕೂತರು. ನಮ್ಮನೆಯಲ್ಲೂ ಅಷ್ಟೆ. ನನ್ನ ಯಜಮಾನರು ಕೊನೆಯವರೆಗೂ ಕಣ್ಣು ಮಿಟುಕಿಸದೆ ನೋಡಿ, ‘ಇದ್ರಲ್ಲಿ ಹಕ್ಕಿ ಎಲ್ಲಿದ್ದು? ಎಂತೂ ಇಲ್ಲೆ’ ಎಂದು ರಿಮೋಟನ್ನು ನನ್ನ ಮಡಿಲಿಗೆ ಹಾಕಿ ಎದ್ದು ಹೋದರು.

ಮಾರನೆಯ ದಿನ ಬಸ್ಸು ಹತ್ತಿದರೆ ನನ್ನ ಸೀಟಿನಲ್ಲಿ ಗಣಪತಿ ಮಾಷ್ಟ್ರು! ಹೈಸ್ಕೂಲಿನಲ್ಲಿ ಗಣಿತ ಹೇಳುವ ಇವರು ಹೊಸದಾಗಿ ವರ್ಗವಾಗಿ ಬಂದವರು. ಏನನ್ನೇ ನೋಡುವ ಮೊದಲು ಫೋನಿನಲ್ಲಿ ಅದಕ್ಕೆ ಜನ ಎಷ್ಟು ಸ್ಟಾರ್ ಕೊಟ್ಟಿದ್ದಾರೆಂದು ಪರೀಕ್ಷಿಸುವ ಪೈಕಿ. ‘ಯಾರೋ ಹೇಳಿದ್ರು ಅಂತ ನೋಡ್ಬಾರ್ದು ಮೇಡಂ, ಸ್ಟಾರ್ ನೋಡ್ಬೇಕು’ ಎಂದು ನನ್ನ ಮುಖಕ್ಕೇ ಹೇಳಿದರು. ವಿಶಾಲಾಕ್ಷಿ ಕಿಟಕಿಯಾಚೆ ನೋಡುತ್ತಾ, ‘ನಮ್ಮ ಅತ್ತೆ ಆ ಹಕ್ಕಿ ಬರ್ತದೆ ಅಂತ ಊಟ ಬಿಟ್ಟು ಕೂತಿದ್ರು ಮಾರಾಯ್ತಿ’ ಎಂದಳು. ಅತ್ತೆ ಊಟ ಬಿಟ್ಟದ್ದಕ್ಕೆ ಅವಳಿಗಾದ ಬೇಸರವೋ, ಹಕ್ಕಿ ಬರದಿದ್ದಕ್ಕೋ ತಿಳಿಯಲಿಲ್ಲ. ಅಂತೂ ಕರ್ಚೀಫು ಕೈತಪ್ಪಿತು. ನಾನು ಮೇಲಿನ ಸರಳಿಗೆ ಜೋತುಬಿದ್ದು, ಪ್ರತಿ ತಿರುವಿನಲ್ಲೂ ಯಾರದೋ ತರಕಾರಿ ಚೀಲದ ಮೇಲೆ ಬೀಳುತ್ತಾ ಹೊಸನಗರ ಸೇರತೊಡಗಿದೆ. ನಿಂತು ಹೋಗುವುದು ದೊಡ್ಡದಲ್ಲ. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಅದು ನಿಜಕ್ಕೂ ಹೊಟ್ಟೆಗೆ ಬಿದ್ದ ಪೆಟ್ಟು.

ಸರಿ, ಇನ್ನು ಮುಂದೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳೋಣ ಎಂದು ತೀರ್ಮಾನಿಸಿ ಪಕ್ಕದಲ್ಲಿ ನಿಂತಿದ್ದ ಒಬ್ಬರಿಗೆ ಒಂದು ಪತ್ತೇದಾರಿ ಧಾರಾವಾಹಿಯನ್ನು ಯಥಾವತ್ತಾಗಿ ಹೇಳಿದೆ. ಕೊಲೆ ಮಾಡಿದವನನ್ನು ಹೇಳುವುದಕ್ಕೆ ಮುಂಚೆಯೇ ಅವರು ನಿಂತಲ್ಲೇ ನಿದ್ದೆ ಹೋದರು. ನಿಜ ಎಷ್ಟು ಸಪ್ಪೆ ಎಂಬುದು ಹೀಗೆ ಅನುಭವದಿಂದಲೇ ಗೊತ್ತಾಗಬೇಕು.

ಹೀಗೆ ಸರಳಿಗೆ ಜೋತಾಡುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ನಮ್ಮ ಬಸ್ಸು ಕಾಡಿನ ನಡುವೆ ಗಕ್ಕನೆ ನಿಂತಿತು. ಮುಂದೆ ತಿರುವಿನಲ್ಲಿ ಮರದ ನಾಟಾ ತುಂಬಿದ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಜೆಸಿಬಿ ಬಂದು ಎಳೆಯುವವರೆಗೆ ಅಲ್ಲಾಡುವಂತಿಲ್ಲ. ಎಲ್ಲರೂ ಫೋನು ತೆಗೆದರು, ನೆಟ್‌ವರ್ಕ್ ಇಲ್ಲ. ಆಗ ಎಲ್ಲರ ಕಣ್ಣೂ ಮಾಷ್ಟ್ರ ಮೇಲೆ ಬಿತ್ತು. ‘ನಿನ್ನೆ ಎಂತ ನೋಡಿದ್ರಿ ಮಾಷ್ಟ್ರೇ?’ ಎಂದಳು ವಿಶಾಲಾಕ್ಷಿ. ಮಾಷ್ಟ್ರು ಗಂಟಲು ಸರಿಮಾಡಿಕೊಂಡು ಬಹಳ ಒಳ್ಳೆಯ ಧಾರಾವಾಹಿ, ತುಂಬಾ ಸ್ಟಾರ್ ಇದೆ, ಫೋಟೋಗ್ರಫಿ ಬಹಳ ಚೆನ್ನಾಗಿದೆ ಎಂದರು. ಬಸ್ಸಿನವರೆಲ್ಲ ಕಾದರು. ಮಾಷ್ಟ್ರು ಸಂಗೀತವೂ ಚೆನ್ನಾಗಿದೆ ಎಂದರು. ‘ಅದ್ ಸರಿ, ಕಥೆ ಎಂತದು?’ ಎಂದು ಡ್ರೈವರ್ ತಿರುಗಿ ಕೇಳಿದ.

‘ಕಥೆ ಹೇಳ್ಬಾರ್ದು. ಹೇಳಿದ್ರೆ ನೋಡೋ ಮಜಾ ಹೋಗ್ತದೆ’ ಎಂದರು ಮಾಷ್ಟ್ರು.

ಇದಕ್ಕಿಂತ ದೊಡ್ಡ ತಪ್ಪು ಈ ಸೀಮೆಯಲ್ಲಿ ಮಾಡುವುದು ಸಾಧ್ಯವಿಲ್ಲ. ಒಂದೇ ಯಕ್ಷಗಾನ ಪ್ರಸಂಗವನ್ನು ಮತ್ತೆ ಮತ್ತೆ ನೋಡಿ, ಯಾರು ಸಾಯುತ್ತಾರೆಂದು ಗೊತ್ತಿದ್ದೂ ಅವನು ಹೇಗೆ ಸಾಯುತ್ತಾನೆಂದು ನೋಡಲು ಮೈಲುಗಟ್ಟಲೆ ಹೋಗುವ ಜನ ನಾವು. ಮದುವೆಮನೆಗೆ ಹೋದರೂ ಮೊದಲು ಅಡುಗೆಮನೆಗೆ ಇಣುಕಿ ಪಾಯಸ ಯಾವುದೆಂದು ತಿಳಿದುಕೊಂಡೇ ಕೂರುವವರು. ಇಂಥವರ ಮುಂದೆ ಕಥೆ ಹೇಳುವುದಿಲ್ಲ ಎಂದರೆ? ಇಡೀ ಬಸ್ಸು ನಿಟ್ಟುಸಿರು ಬಿಟ್ಟಿತು. ನನಗೆ ತಡೆಯಲಾಗಲಿಲ್ಲ. ನಿಂತಲ್ಲಿಂದಲೇ, ‘ನಾನೊಂದು ಹೊಸದು ನೋಡ್ತಿದ್ದೀನಿ’ ಎಂದೆ. ವಿಶಾಲಾಕ್ಷಿ ತಿರುಗದೆಯೇ, ‘ಹಕ್ಕಿ ಉಂಟಾ?’ ಎಂದಳು. ಸುತ್ತಲಿದ್ದವರು ನಕ್ಕರು. ನಕ್ಕರೆ ನಗಲಿ ಎಂದು ನಾನು ಶುರುಮಾಡಿಯೇ ಬಿಟ್ಟೆ.

ಉತ್ತರದ ಕಡೆಯ ಒಂದು ಸಣ್ಣ ಊರು. ಅಲ್ಲೊಬ್ಬಳು ಅತ್ತೆ, ಒಬ್ಬಳು ಸೊಸೆ, ಇಬ್ಬರೂ ಸೇರಿ ನಡೆಸುವ ಊಟದ ಹೋಟೆಲು. ದಿನವೂ ಜಗಳ. ಆದರೆ ಸಾರು ಮಾತ್ರ ಅಮೃತ. ಹೋಟೆಲನ್ನು ಮಾರಿ ದೊಡ್ಡ ವ್ಯಾಪಾರ ಮಾಡಬೇಕೆಂದು ಹೊರಟ ಮಗ ಕೋರ್ಟಿಗೆ ಹೋಗುತ್ತಾನೆ. ಹೋಟೆಲು ಮಗನದೋ ಸೊಸೆಯದೋ ಎಂದು ಅತ್ತೆಯೇ ಸಾಕ್ಷಿ ಹೇಳಬೇಕು. ನಾನು ಜಗಳಗಳನ್ನು ಒಂದೊಂದಾಗಿ ಬಡಿಸುತ್ತಾ ಬಂದೆ. ಹಿಂದಿನ ಸೀಟಿನವರು ಎದ್ದು ಮುಂದೆ ಬಂದರು, ಕೆಳಗಿಳಿದು ಬೀಡಿ ಸೇದುತ್ತಿದ್ದವರು ಕಿಟಕಿಗೆ ಕಿವಿ ಹಚ್ಚಿದರು. ಅತ್ತೆ ಸೆರಗು ಸರಿಮಾಡಿಕೊಂಡು ಸಾಕ್ಷಿ ಕಟಕಟೆ ಹತ್ತಿದಳು. ಅಲ್ಲಿಗೆ ನಾನು ನಿಲ್ಲಿಸಿದೆ. ಯಾಕೆಂದರೆ ನಾನು ನೋಡಿದ್ದು ಅಷ್ಟೇ. ಉಳಿದದ್ದನ್ನು ಆ ಸಂಜೆ ನೋಡುವುದಿತ್ತು.

ಅಷ್ಟರಲ್ಲಿ ಜೆಸಿಬಿ ಲಾರಿಯನ್ನು ಪಕ್ಕಕ್ಕೆ ಎಳೆದಿತ್ತು. ರಸ್ತೆ ಬಿಟ್ಟಿತು, ಬಚಾವಾದೆ ಎಂದುಕೊಂಡೆ. ಹಿಂದಿನ ವಾಹನಗಳು ಹಾರ್ನ್ ಹೊಡೆಯತೊಡಗಿದವು. ಡ್ರೈವರ್ ಮಾತ್ರ ಗೇರಿನ ಮೇಲೆ ಕೈಯಿಟ್ಟು ಹಾಗೆಯೇ ಕೂತಿದ್ದ. ‘ಹೊಡ್ಕೊಳ್ಲಿ ಬಿಡಿ. ಅತ್ತೆ ಎಂತ ಅಂದ್ಲು ಹೇಳಿ ಮೊದ್ಲು!’ ಎಂದ.

ಆಗ ನನ್ನ ಬಾಯಿಗೆ ಅಜ್ಜಿಯೇ ಬಂದು ಕೂತಿರಬೇಕು. ‘ಅತ್ತೆ ಜಡ್ಜಿಗೆ ಕೈ ಮುಗಿದ್ಲು. ಸ್ವಾಮೀ, ನಂಗೆ ಕಾನೂನು ಗೊತ್ತಿಲ್ಲ. ನನ್ ಮಗನ ಹತ್ರ ಒಂದೇ ಒಂದು ಮಾತು ಕೇಳಿ. ನಮ್ ಹೋಟ್ಲಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಹೇಳ್ಲಿ. ಹೇಳಿದ್ರೆ ಹೋಟ್ಲು ಅವ್ನಿಗೇ ಇರ್ಲಿ ಅಂದ್ಲು’ ಎಂದೆ.

‘ಹೇಳಿದ್ನಾ?’ ಎಂದು ಕೇಳಿದ್ದು ಯಾರೆಂದುಕೊಂಡಿರಿ? ಗಣಪತಿ ಮಾಷ್ಟ್ರು.

‘ಎಲ್ಲಿಂದ ಹೇಳ್ತಾನೆ ಮಾಷ್ಟ್ರೇ? ನಿಮ್ಮನೇದು ಎಲ್ಲಿದೆ ಹೇಳಿ ನೋಡುವಾ!’ ಎಂದೆ.

ಹೆಂಗಸರೆಲ್ಲ ಹೋ ಎಂದು ನಕ್ಕ ನಗುವಿಗೆ ಬಸ್ಸು ಸ್ಟಾರ್ಟ್ ಆದದ್ದೇ ಕೇಳಿಸಲಿಲ್ಲ. ವಿಶಾಲಾಕ್ಷಿ ನಗುತ್ತಾ ಅಳುತ್ತಾ ಮೂಗು ಒರೆಸಿಕೊಂಡಳು. ಮಾಷ್ಟ್ರು ತಾವಾಗಿಯೇ ಎದ್ದು, ‘ಕೂತ್ಕೊಳ್ಳಿ ಮೇಡಂ, ಕಾಲು ನೋಯ್ತದೆ’ ಎಂದರು. ಕೂತೆ. ಆ ಸೀಟು ಅಷ್ಟು ಮೆತ್ತಗಿದೆಯೆಂದು ಅದಕ್ಕೆ ಮುಂಚೆ ನನಗೆ ಗೊತ್ತೇ ಇರಲಿಲ್ಲ. ಹೊಸನಗರದಲ್ಲಿ ಇಳಿದಾಗ ದಿಗ್ವಿಜಯ ಮುಗಿಸಿ ಬಂದವರಂತೆ ನಡೆದು ಕಾಲೇಜಿಗೆ ಹೋದೆ, ತಡವಾದದ್ದಕ್ಕೆ ಬೈಸಿಕೊಂಡದ್ದೂ ತಾಗಲಿಲ್ಲ.

ಭಯ ಶುರುವಾದದ್ದು ಸಂಜೆ. ಉಳಿದ ಭಾಗ ನೋಡಿದರೆ, ಅತ್ತೆ ಕಟಕಟೆ ಇಳಿದು ಬಂದು, ತಾಯಿ ಮಗ ಕೋರ್ಟಿನ ಹೊರಗೇ ರಾಜಿಯಾಗಿ ಎಲ್ಲರೂ ಸೇರಿ ಕುಣಿಯುತ್ತಾರೆ! ಉಪ್ಪೂ ಇಲ್ಲ, ಡಬ್ಬಿಯೂ ಇಲ್ಲ. ಅರ್ಧ ಬಸ್ಸು ಇದನ್ನೇ ನೋಡುತ್ತಿರುತ್ತದೆ ಎಂದುಕೊಂಡು ನನಗೆ ಊಟ ಸೇರಲಿಲ್ಲ. ಬೆಳಿಗ್ಗೆ ಸರಳಿಗೆ ಜೋತುಬೀಳಲು ಸಿದ್ಧಳಾಗಿಯೇ ಬಸ್ಸು ಹತ್ತಿದರೆ, ಕರ್ಚೀಫು ತನ್ನ ಜಾಗದಲ್ಲಿದೆ. ವಿಶಾಲಾಕ್ಷಿಯ ಮುಖ ಮಾತ್ರ ಕೆಂಡ. ‘ನೋಡಿದ್ಯಾ ಮಾರಾಯ್ತಿ? ಎಂಥಾ ಒಳ್ಳೆ ಕಥೇನ ಕೊನೇಲಿ ಹಾಳು ಮಾಡಿ ಹಾಕಿದಾರೆ! ಉಪ್ಪಿನ ಡಬ್ಬೀನೇ ತೆಗ್ದುಬಿಟ್ಟಿದಾರೆ!’ ಎಂದಳು. ಹಿಂದಿನಿಂದ ಮಾಷ್ಟ್ರು, ‘ನಾನು ಒಂದೇ ಸ್ಟಾರ್ ಕೊಟ್ಟೆ’ ಎಂದರು. ತಪ್ಪು ನನ್ನದಲ್ಲ, ಧಾರಾವಾಹಿ ತೆಗೆದವರದು ಎಂದು ಬಸ್ಸು ಒಕ್ಕೊರಲಿನಿಂದ ತೀರ್ಪು ಕೊಟ್ಟಿತು. ಅಜ್ಜಿಗೂ ಇಂಥ ಗೆಲುವು ಸಿಕ್ಕಿರಲಿಲ್ಲ ಎಂದು ಅಭಿಮಾನದಿಂದಲೇ ಬರೆಯುತ್ತಿದ್ದೇನೆ. ಅಂದಿನಿಂದ ನಾಟಕ, ಹಾಸ್ಯ, ಸಾಕ್ಷ್ಯಚಿತ್ರ ಯಾವುದೇ ಇರಲಿ, ನಾನು ಹೇಳಿದ್ದೇ ಅಸಲಿ, ಪರದೆಯ ಮೇಲೆ ಬರುವುದು ಅದರ ಕಳಪೆ ನಕಲು.

ಇದಾಗಿ ಕೆಲವು ತಿಂಗಳ ಮೇಲೆ ತೀರ್ಥಹಳ್ಳಿ ಕಡೆಯ ಅರಳಸುರಳಿಯಲ್ಲಿ ಒಂದು ಮದುವೆ. ಅಲ್ಲಿ ಸಿಕ್ಕಿದ ನಮ್ಮ ಚಿಕ್ಕಮ್ಮನ ಮಗಳು ಶೈಲಾ ಊಟದ ಪಂಕ್ತಿಯಲ್ಲಿ, ‘ಜೇನುಸಾಕಣೆ ಮೇಲೆ ಒಂದು ಸಾಕ್ಷ್ಯಚಿತ್ರ ಇದ್ದು, ನೋಡಿದ್ಯನೇ? ಕೊನೆಗೆ ಒಂದು ಮುದುಕಿ ಬರ್ತಾಳೆ ನೋಡು, ಕಣ್ಣೀರು ತಡೆಯೋಕಾಗಲ್ಲ’ ಎಂದಳು. ಎಂತಾಗುತ್ತದೆ ಎಂದು ಕೇಳಿದರೆ ಹೇಳಲೊಲ್ಲಳು, ನೀನೇ ನೋಡು ಎಂದಳು. ಅವಳ ಕಣ್ಣಿನ ಹೊಳಪು ನೋಡಿಯೇ ನಾನು ನಂಬಿದೆ. ಭಾನುವಾರ ಮನೆಗೆಲಸವನ್ನೆಲ್ಲ ಬದಿಗಿಟ್ಟು ಕೂತೆ. ಜೇನು ಹಾರಿತು, ಕೂತಿತು, ಮತ್ತೆ ಹಾರಿತು. ಯಜಮಾನರು ಎರಡು ಸಲ ಇಣುಕಿ ನೋಡಿ ಹೋದರು. ಮುದುಕಿಯ ಸುಳಿವಿಲ್ಲ. ಹೆಸರುಗಳು ಓಡಿ ಪರದೆ ಕಪ್ಪಾಗುವವರೆಗೂ ಕಾದೆ. ಮೈಯೆಲ್ಲ ಉರಿದು ಶೈಲಾಗೆ ಫೋನು ಹಚ್ಚಿದೆ. ಹೀಗೆ ಇಲ್ಲದ್ದನ್ನು ಇದೆ ಅಂತ ಹೇಳಿ ಜನರ ಭಾನುವಾರ ಹಾಳು ಮಾಡ್ತೀಯಲ್ಲ, ಸ್ವಲ್ಪವಾದರೂ ನಾಚಿಕೆ ಬೇಡವಾ ಎಂದು ಚೆನ್ನಾಗಿ ಬೈದೆ.

‘ಅಯ್ಯೋ, ಇಲ್ಯಾ? ಕೊನೇಲಿ ಮುದುಕಿ ಬಂದು ಉಪ್ಪಿನ ಡಬ್ಬಿ ಎಲ್ಲಿದೆ ಹೇಳು ಅಂತ ಮಗನ ಹತ್ರ ಕೇಳ್ತಾಳೆ ಅಂದಿದ್ರಲ್ಲ?’ ಎಂದಳು ಶೈಲಾ. ‘ನಾನು ನೋಡೇ ಇಲ್ಲ ಕಣೇ. ಹೊಸನಗರದ ಬಸ್ಸಲ್ಲಿ ಯಾರೋ ಒಬ್ರು ಹೇಳ್ತಾರಂತೆ. ಅವ್ರು ಹೇಳಿದ್ದು ತಪ್ಪೋದೇ ಇಲ್ವಂತೆ.’

‘ಇದೆ ಇದೆ, ನಾನೇ ಸರಿಯಾಗಿ ನೋಡಿಲ್ಲ’ ಎಂದು ಫೋನಿಟ್ಟೆ.