ಕೆಂಪು ದೀಪವೂ ನನ್ನ ಮಧ್ಯಾಹ್ನದ ನಿದ್ದೆಯೂ

ಊರ ಮುಂದೆ ಬೈದ ವಸ್ತುವನ್ನು ಮನೆಯೊಳಗೆ ಇಷ್ಟಪಡಬಾರದು. ಇಷ್ಟಪಟ್ಟರೂ ಆ ವಸ್ತುವಿಗೆ ದೀಪ ಇರಬಾರದು. ಈ ಬುದ್ಧಿ ನನಗೆ ಬಂದದ್ದು ಈ ಬೇಸಿಗೆಯಲ್ಲಿ, ತಲೆ ಪೂರ್ತಿ ನರೆತ ಮೇಲೆ. ಇನ್ನು ನನಗಂತೂ ಅದರಿಂದ ಉಪಯೋಗವಿಲ್ಲ, ನೀವಾದರೂ ಇಟ್ಟುಕೊಳ್ಳಿ. ನನ್ನ ಮಗ ಶಂಕರ ಹೋದ ವರ್ಷ ನಡುಮನೆಗೆ ಎಸಿ ತಂದ ದಿನ ನಾನು ಕಟ್ಟೆಯ ಮೇಲೆ ಕುಳಿತು ಓಣಿಗೆ ಕೇಳುವಂತೆ ಬೈದಿದ್ದೆ. “ಅಥಣಿ ಬಿಸಲಾಗ ನಮ್ಮಪ್ಪ ಬಾಳಿದ, ನಮ್ಮಜ್ಜ ಬಾಳಿದ. ಇವಂಗ ಗ್ವಾಡಿಗೆ ಪೆಟಗಿ ಬಡದು ಗಾಳಿ ಬೇಕಾಗೇತಿ. ನಾಳಿ ಉಸರಾಡಾಕೂ ಒಂದ ಮಶೀನ ತರ್ತಾನ ನೋಡ್ರಿ,” ಎಂದೆ. ಎದುರುಮನೆಯ ಗಂಗವ್ವ ಗಲ್ಲಕ್ಕೆ ಕೈಯಿಟ್ಟು ಕೇಳಿಸಿಕೊಂಡಳು. ಗಂಗವ್ವನ ಕಿವಿಗೆ ಒಂದು ಮಾತು ಹಾಕಿದರೆ ಬೇರೆ ಡಂಗುರ ಹೊಡೆಸಬೇಕಾಗಿಲ್ಲ. ಸಂಜೆಯೊಳಗೆ ನಾನು ಎಸಿಯನ್ನು ತ್ಯಜಿಸಿದ ಸನ್ಯಾಸಿನಿ ಎಂದು ಓಣಿಗೆಲ್ಲ ಗೊತ್ತಾಗಿತ್ತು. ಶಂಕರನಿಗೆ ಸಿಟ್ಟು ಬಂತು. “ಹೋಗ್ಲಿ ಬಿಡಬೇ ಯವ್ವಾ, ಮೂರನೇ ಇಯತ್ತೆತನಾ ಸಾಲಿ ಕಲ್ತಾಕಿ ನೀ. ಇದರ ರಿಮೋಟ ನಿನಗ ತಿಳಿಯೂದೂ ಇಲ್ಲ,” ಎಂದ.

ಆ ಮಾತೇ ನನ್ನನ್ನು ಕೆಡಿಸಿದ್ದು. ಒಂದು ಮಧ್ಯಾಹ್ನ ಅವನು ದ್ರಾಕ್ಷಿ ತೋಟಕ್ಕೆ ಹೋಗಿದ್ದ. ಸೊಸೆ ಸುಜಾತಾ ಹೊಲಿಗೆ ಕಲಿಸಲು ಹೋಗಿದ್ದಳು. ತಿಳಿಯುವುದೋ ಇಲ್ಲವೋ ನೋಡಿಯೇ ಬಿಡೋಣವೆಂದು ರಿಮೋಟ್ ಎತ್ತಿ ಎಲ್ಲಕ್ಕಿಂತ ದೊಡ್ಡ ಗುಂಡಿಯನ್ನು ಒತ್ತಿದೆ. ತಣ್ಣನೆಯ ಗಾಳಿ ನೆತ್ತಿಗೆ ತಾಗಿದಾಗ, ನಮ್ಮಪ್ಪ, ನಮ್ಮಜ್ಜ ಇಬ್ಬರೂ ಎಂಥ ದಡ್ಡರಾಗಿದ್ದರು ಅನಿಸಿತು. ಅಂದಿನಿಂದ ಅದೇ ದಿನಚರಿ. ಇಬ್ಬರೂ ಹೊರಬಿದ್ದ ಮೇಲೆ ಎಸಿ ಹಚ್ಚಿ, ಕೌದಿ ಹೊದ್ದು ಮಲಗುವುದು. ಅವರು ಬರುವ ಹೊತ್ತಿಗೆ ಆರಿಸಿ, ಕಿಟಕಿ ತೆರೆದು, ಬೀಸಣಿಗೆ ಹಿಡಿದು, ಮುಖಕ್ಕೆ ನೀರು ಚಿಮುಕಿಸಿಕೊಂಡು ಬೆವರಿದವಳಂತೆ ಕೂಡುವುದು. “ಪಾಪ ಅತ್ತಿ, ಎಷ್ಟ ಬೆವತಾರ ನೋಡ್ರಿ,” ಎನ್ನುತ್ತಿದ್ದಳು ಸುಜಾತಾ. ಕರೆಂಟಿನ ಬಿಲ್ಲು ಏರಿದಾಗ ಶಂಕರ ಹಳೆಯ ಫ್ರಿಜ್ಜನ್ನು ಬೈದ. ಫ್ರಿಜ್ಜಿಗೆ ಬಾಯಿಲ್ಲ. ನನಗೆ ಇದೆ, ಆದರೆ ಮುಚ್ಚಿಕೊಂಡಿದ್ದೆ.

ಹೀಗೆ ಸುಖವಾಗಿ ಸಾಗಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಶಂಕರ ಕತ್ತೆತ್ತಿ ನೋಡಿದ. ಎಸಿಯ ಮೂಲೆಯಲ್ಲಿ ಸಣ್ಣ ಕೆಂಪು ದೀಪ ಹತ್ತಿತ್ತು. “ಯಾರೂ ಹಚ್ಚಬ್ಯಾಡ್ರಿ. ಒಳಗ ಏನರೆ ಸುಟ್ಟಗಿಟ್ಟೀತು,” ಎಂದವನೇ ಎದ್ದು ಪ್ಲಗ್ ಕಿತ್ತುಬಿಟ್ಟ. ಕಾಗೆಗಳೂ ಬಾಯಿ ತೆರೆದು ಕೂಡುವ ಬೇಸಿಗೆ ಅದು. “ಹಚ್ಚದಿದ್ರ ಯಾರೇನ ಸಾಯಂಗಿಲ್ಲ,” ಎಂದು ನಾನೇ ಎಲ್ಲರಿಗಿಂತ ಮೊದಲು ಹೇಳಿದೆ. ಹೇಳುವಾಗ ನನ್ನ ಕರುಳು ಹೇಗೆ ಕಿತ್ತುಬಂತೆಂದು ನಿಮಗೊಬ್ಬರಿಗೇ ಗೊತ್ತು.

ಶಂಕರನ ಬಗ್ಗೆ ಒಂದು ಮಾತು ಹೇಳಬೇಕು. ದ್ರಾಕ್ಷಿ ಎಲೆಯನ್ನು ಮಗುಚಿ ನೋಡಿ ರೋಗ ಯಾವುದೆಂದು ಹೇಳುವ ಮಗ ಅವನು. ಆದರೆ ಜಗತ್ತಿನ ಎಲ್ಲ ರೋಗಕ್ಕೂ ಅವನಲ್ಲಿ ಒಂದೇ ಮದ್ದು: ತೋಟಕ್ಕೆ ಔಷಧಿ ಹೊಡೆಯುವ ಬ್ಲೋವರ್. ಎಸಿಯ ಮುಚ್ಚಳ ತೆರೆದು ಒಳಗಿನ ಎರಡು ಜಾಳಿಗೆಗಳನ್ನು ಹೊರತೆಗೆದ. ಹಿಟ್ಟಿನ ಸಾಣಿಗೆಯಂಥವು, ಆದರೆ ಚೌಕ. ಅವುಗಳ ಮೇಲೆ ತೆಳ್ಳಗೆ ಧೂಳು ಕುಳಿತಿತ್ತು. ನಲ್ಲಿಯ ಕೆಳಗೆ ಹಿಡಿದು ಬ್ರಷ್ಷಿನಿಂದ ಉಜ್ಜಿದ್ದರೆ ಮುಗಿಯುತ್ತಿತ್ತು. ಇವನು ತೋಟಕ್ಕೆ ಒಯ್ದು, ಟ್ರ್ಯಾಕ್ಟರ್ ಚಾಲೂ ಮಾಡಿ, ಬ್ಲೋವರಿನ ಮುಂದೆ ಹಿಡಿದ. ಧೂಳು ಹೋಯಿತು, ಜಾಳಿಗೆಯೂ ಹೋಯಿತು. ಒಂದು ಕೈಯಲ್ಲಿ ಉಳಿಯಿತು, ಇನ್ನೊಂದು ಪಕ್ಕದವರ ಕಬ್ಬಿನಲ್ಲಿ ಇಳಿಯಿತು. ಆಳೆತ್ತರದ ಕಬ್ಬಿನಲ್ಲಿ ಹುಡುಕಿ, ಮೈಯೆಲ್ಲ ಗೀಚಿಸಿಕೊಂಡು, ಸಂಜೆಗೆ ತಂದ. ತೊಳೆದು, ಒಣಗಿಸಿ, ಹಾಕಿದ. ಪ್ಲಗ್ ಚುಚ್ಚಿದ ಕೂಡಲೇ ದೀಪ ಮತ್ತೆ ಹತ್ತಿತು. ಮತ್ತೆ ಪ್ಲಗ್ ಕಿತ್ತ.

ಇಷ್ಟಾದ ಮೇಲೆ ನನಗೆ ಗಂಗವ್ವನ ಕಣ್ಣಿನ ಮೇಲೆ ಅನುಮಾನ ಬಂತು. ದೃಷ್ಟಿ ತೆಗೆಯಬೇಕು. ಆದರೆ ನಾನು ಎಸಿಗೆ ದೃಷ್ಟಿ ತೆಗೆದೆನೆಂದರೆ ನನ್ನ ಮಾನ ಎಲ್ಲಿ ಉಳಿಯಿತು? ಅದಕ್ಕೆ ಶಂಕರನನ್ನು ಕರೆದು, “ಮಾರಿ ಸೊರಗೇತಿ ನೋಡೋ ನಿಂದು, ಕೂಡ ಇಲ್ಲಿ,” ಎಂದು ಎಸಿಯ ಕೆಳಗೇ ಕೂರಿಸಿದೆ. ಒಣಮೆಣಸಿನಕಾಯಿ, ಉಪ್ಪು ಹಿಡಿದು ಇಳಿತೆಗೆಯುವ ನೆವದಲ್ಲಿ ಕೈಯನ್ನು ಮಗನಿಗಿಂತ ಒಂದು ಮೊಳ ಮೇಲೆಯೇ ಆಡಿಸಿದೆ. “ಯವ್ವಾ, ನನ್ನ ತಲಿ ಇಲ್ಲೈತಿ,” ಎಂದ ಅವನು. ಕೆಂಡಕ್ಕೆ ಹಾಕಿದಾಗ ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದು ಲೆಕ್ಕ. ಮೂವರೂ ಕೆಮ್ಮುತ್ತ ಹೊರಗೆ ಓಡಿದೆವು. ಅಂದರೆ ಗಂಗವ್ವ ನಿರಪರಾಧಿ.

ಆಮೇಲೆ ಚಿಕ್ಕೋಡಿಯಿಂದ ಮಿಸ್ತ್ರಿ ಬಂದ. ಕಪ್ಪು ಕನ್ನಡಕ, ಎರಡು ಕಿವಿಗೆ ಎರಡು ಫೋನು. ಎಸಿಯನ್ನು ಮುಟ್ಟಲಿಲ್ಲ, ದೂರದಿಂದಲೇ ನೋಡಿ ನಿಟ್ಟುಸಿರು ಬಿಟ್ಟ. “ಬೋರ್ಡ ಹೋಗೇತ್ರಿ. ಹೊಸಾದ ಕೊಲ್ಲಾಪುರದಿಂದ ತರಸಬೇಕ. ಯಾವಾಗ ಬರತೈತೋ ಹೇಳಾಕ ಬರೂದಿಲ್ಲ,” ಎಂದ. “ಮುಚ್ಚಳಾನೂ ತಗೀದ ಒಳಗಿನ ಬೋರ್ಡ ಹೋಗಿದ್ದ ಹೆಂಗ ಕಾಣಸ್ತೋ ತಮ್ಮಾ? ಕಣ್ಣಿಗಿ ಕಪ್ಪ ಅರಿವಿ ಬ್ಯಾರೆ ಕಟ್ಟಗೊಂಡಿ,” ಎಂದು ಕೇಳಿದೆ. ಅವನಿಗೆ ಕೂಡಲೇ ಎರಡೂ ಫೋನಿನಲ್ಲಿ ಅರ್ಜೆಂಟ್ ಕೆಲಸ ಬಂದು ಹೊರಟುಹೋದ. “ನಿನಗ್ಯಾಕಬೇ ಇಷ್ಟ ಸಂಕಟ? ನೀ ಏನ ಎಸಿಯಾಗ ಮಲಗ್ತಿ?” ಎಂದ ಶಂಕರ. ನಾನು ಬೀಸಣಿಗೆ ಜೋರಾಗಿ ಬೀಸಿಕೊಂಡೆ.

ಈ ಗದ್ದಲದಲ್ಲಿ ಬಾಯಿ ಬಿಡದೆ ಕುಳಿತವಳು ಸುಜಾತಾ ಒಬ್ಬಳೇ. ಮೊಬೈಲಿನಲ್ಲಿ ಏನೋ ನೋಡುತ್ತಿದ್ದವಳು ಎದ್ದು ಬಂದು, ಪ್ಲಗ್ ಚುಚ್ಚಿ, ರಿಮೋಟ್ ಎತ್ತಿಕೊಂಡಳು. ಅದು ಹೊಸದಾಗಿಯೇ ಉಳಿಯಲೆಂದು, ಬಂದ ದಿನವೇ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕಿದ್ದೆವು. ನಮ್ಮ ಮನೆಯಲ್ಲಿ ಸೋಫಾ, ಮಿಕ್ಸರ್, ಟ್ರ್ಯಾಕ್ಟರಿನ ಸೀಟು ಎಲ್ಲವೂ ಪ್ಲಾಸ್ಟಿಕ್ಕಿನೊಳಗೇ ಮುಪ್ಪಾಗಿವೆ. ಸುಜಾತಾ ಕತ್ತರಿಯಿಂದ ಆ ಚೀಲವನ್ನು ಸೀಳಿದಳು. ರಿಮೋಟಿನ ಕೆಳಭಾಗದ ಮುಚ್ಚಳ ಸರಿಯಿತು. ಒಳಗೆ ಯಾರೂ ಮುಖ ನೋಡಿರದ ಒಂದು ಪುಟ್ಟ ಗುಂಡಿ. ಒತ್ತಿದಳು. ಪೀಂ ಎಂದಿತು. ದೀಪ ಆರಿತು.

ನನಗೆ ಕುಣಿಯಬೇಕೆನಿಸಿತು. “ಆತಲ್ಲ,” ಎಂದಷ್ಟೇ ಹೇಳಿದೆ. ಆದರೆ ಶಂಕರ ಸುಮ್ಮನಿರಲಿಲ್ಲ. “ಜಾಳಗಿ ತೊಳದ್ರೂ ಹೆಂಗ ಹತ್ತಿತ್ತ ಇದು?” ಎಂದ. ಸುಜಾತಾ ಹೇಳಿದಳು: “ಆ ದೀಪಕ್ಕ ಧೂಳಿ ಕಾಣೂದಿಲ್ರಿ. ಎಸಿ ಎಷ್ಟ ತಾಸ ಓಡೇತಿ ಅಂತ ಎಣಸತೈತಿ, ಅಷ್ಟ. ಭಾಳ ಓಡಿದ್ರ ಜಾಳಗಿ ತೊಳೀರಿ ಅಂತ ಹತ್ತತೈತಿ. ತೊಳದ ಮ್ಯಾಲೆ ಈ ಗುಂಡಿ ನಾವ ಒತ್ತಬೇಕ.”

“ಯುಗಾದಿ ಮುಂದ ಸರ್ವಿಸದವ ಬಂದ ಎಲ್ಲಾ ತೊಳದ, ತನ್ನ ರಿಮೋಟದಾಗ ಏನೋ ಒತ್ತಿ ಹೋಗ್ಯಾನ. ನಾವ ಹಚ್ಚೂದ ರಾತ್ರಿ ಒಂದೀಟ. ಇಷ್ಟ ಲಗೂನ ಭಾಳ ಹೆಂಗ ಓಡಿತು?” ಎಂದ ಶಂಕರ.

ನಾನು ಬೀಸಣಿಗೆಯ ಅಂಚಿನ ದಾರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಹಾಳು ದೀಪ! ಗಂಗವ್ವನೂ ಇಷ್ಟು ನಿಖರವಾಗಿ ಚಾಡಿ ಹೇಳುವವಳಲ್ಲ.

“ಬೆಕ್ಕ ಇರಬೇಕ್ರಿ,” ಎಂದಳು ಸುಜಾತಾ, ನನ್ನ ಕಡೆ ನೋಡದೆ. “ಮಧ್ಯಾಹ್ನ ಯಾರೂ ಇಲ್ಲದಾಗ ಬಂದ ಹಚಗೊಂಡ ಮಲಗತೈತಿ.”

“ಬೆಕ್ಕಿಗಿ ರಿಮೋಟ ಹೆಂಗ ತಿಳೀತೈತೇ?”

“ಮೂರನೇ ಇಯತ್ತೆ ಕಲ್ತ ಬೆಕ್ಕ ಕಾಣಸ್ತೈತಿ.”

ಶಂಕರ ನನ್ನನ್ನು ನೋಡಿದ. ಆಮೇಲೆ ಫ್ರಿಜ್ಜನ್ನು ನೋಡಿದ. ಬಹುಶಃ ಮನಸ್ಸಿನಲ್ಲಿ ಅದರ ಕ್ಷಮೆ ಕೇಳಿಕೊಂಡಿರಬೇಕು. ಮರುದಿನ ಮಧ್ಯಾಹ್ನ ಹೊರಡುವ ಮುಂಚೆ ಸುಜಾತಾ ಕಿಟಕಿ ಮುಚ್ಚಿ, ರಿಮೋಟನ್ನು ನನ್ನ ದಿಂಬಿನ ಪಕ್ಕ ಇಟ್ಟಳು. “ಅತ್ತೀ, ಬೆಕ್ಕ ಬಂದ್ರ ಹೇಳ್ರಿ. ಮಲಗ್ಲಿ ಬಿಡ್ರಿ. ಆದ್ರ ಇನ್ನ ಮ್ಯಾಲೆ ದೀಪ ಹತ್ತಿದ್ರ ಜಾಳಗೀನೂ ಅದ ತೊಳೀಬೇಕ,” ಎಂದಳು. ಸೊಸೆಯರಿಗೆ ಇಷ್ಟು ಬುದ್ಧಿ ಇರಬಾರದು. ಆದರೆ ನಿದ್ದೆ ಬಂದುಬಿಟ್ಟಿದ್ದರಿಂದ ಬೈಯಲು ಆಗಲಿಲ್ಲ.

ದೀಪ ನಿನ್ನೆ ಮತ್ತೆ ಹತ್ತಿತು. ಇವತ್ತು ಜಾಳಿಗೆ ತೊಳೆದು, ಕಟ್ಟೆಯ ಮೇಲೆ ನೆರಳಿನಲ್ಲಿ ಒಣಗಲು ಇಟ್ಟು, ಎಂದಿನಂತೆ ಎಸಿ ಹಾಕಿಸಿಕೊಂಡ ಮಂದಿಯನ್ನು ಬೈಯುತ್ತ ಕುಳಿತಿದ್ದೆ. ಗಂಗವ್ವ ಬಂದಳು. “ಇದೇನವಾ?” ಎಂದಳು. “ಹಿಟ್ಟಿನ ಸಾಣಿಗಿ,” ಎಂದೆ. “ಚೌಕ ಐತೆಲ್ಲ?” ಎಂದಳು. “ಈಗ ಹಂತಾವ ಬರ್ತಾವ,” ಎಂದೆ. ಎತ್ತಿ, ಬೆಳಕಿಗೆ ಹಿಡಿದು, ಭಾಳ ಸಣ್ಣ ಜಾಳಿಗೆ ಎಂದು ಹೊಗಳಿದಳು. ನಾಳೆ ಅವಳ ಮನೆಯಲ್ಲಿ ಹೋಳಿಗೆಯಂತೆ. ಗೋದಿ ಹಿಟ್ಟು ಸಾಣಿಸಲು ಇದನ್ನೇ ಒಯ್ಯುತ್ತೇನೆಂದು ಹೇಳಿ ಹೋಗಿದ್ದಾಳೆ. ಹೋಳಿಗೆ ಮಾಡಿದರೆ ಮೊದಲನೆಯದನ್ನು ನನಗೇ ತಂದುಕೊಡುವುದು ಅವಳ ಪದ್ಧತಿ.