ಅಧಿಕ ಮಾಸದಲ್ಲಿ ಅಪ್‌ಡೇಟ್

ಪ್ರತಾಪನಿಗೆ ತನ್ನ ಮೇಲೆ ಇದ್ದಷ್ಟು ನಂಬಿಕೆ ಸೂರ್ಯನಿಗೆ ಪೂರ್ವ ದಿಕ್ಕಿನ ಮೇಲೂ ಇರಲಿಕ್ಕಿಲ್ಲ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಗುರಲಿಂಗಪ್ಪನವರು ಕಟ್ಟಿಸಿದ ಹೊಸ ಮಂಗಲ ಕಾರ್ಯಾಲಯಕ್ಕೆ ಅವನೇ ತಂತ್ರಜ್ಞ. ಅಲ್ಲಿಯ ದೀಪ, ಎಸಿ, ತಾನಾಗಿ ತೆರೆಯುವ ಗಾಜಿನ ಬಾಗಿಲು, ಕಡೆಗೆ ವಧೂವರರ ಮೇಲೆ ಹೂವಿನ ಪಕಳೆ ಉದುರಿಸುವ ಯಂತ್ರ ಕೂಡ ಗೋಡೆಗೆ ಬಡಿದ ಪುಟ್ಟ ಡಬ್ಬಿಗಳ ಮಾತು ಕೇಳುತ್ತಿದ್ದವು. ಆ ಡಬ್ಬಿಗಳು ಪ್ರತಾಪನ ಮೊಬೈಲಿನ ಮಾತು ಕೇಳುತ್ತಿದ್ದವು. "ನಾ ಎಲ್ಲೆ ಕುಂತಿರ್ಲಿ, ಕಾರ್ಯಾಲಯ ನನ್ನ ಕಿಸೆದಾಗ ಇರತೈತಿ" ಎಂದು ಅವನು ಚಹಾದಂಗಡಿಯಲ್ಲಿ ಘೋಷಿಸಿದ್ದು ಒಂದೆರಡು ಸಲವಲ್ಲ.

ಈ ಘೋಷಣೆಗೆ ಮರುಳಾಗದ ಒಬ್ಬನೇ ಒಬ್ಬ ಮನುಷ್ಯ ಜಿಲ್ಲೆಯಲ್ಲಿದ್ದ. ದುರ್ದೈವಕ್ಕೆ ಅವನೇ ಪ್ರತಾಪನ ಮಾವ, ಕಾಖಂಡಕಿಯ ಕರೆಪ್ಪ. ಮಗಳಿಗೆ ಸರಕಾರಿ ನೌಕರಿಯ ವರನನ್ನು ಅವನು ಗೊತ್ತು ಮಾಡಿದ್ದ. ಸುಮಂಗಲಾ ಹಟ ಹಿಡಿದು ಪ್ರತಾಪನನ್ನು ಮದುವೆಯಾದಳು. ಅಂದಿನಿಂದ ನಾಲ್ಕು ಜನರ ಮುಂದೆ ಪರಿಚಯ ಹೇಳುವಾಗ ಕರೆಪ್ಪ "ಇವರು ನಮ್ಮ ಸುಮಂಗಲಾನ ಮನಿಯವರು" ಎನ್ನುತ್ತಿದ್ದನೇ ಹೊರತು "ನಮ್ಮ ಅಳಿಯಂದಿರು" ಎಂಬ ಮಾತು ಅವನ ಬಾಯಿಂದ ಒಮ್ಮೆಯೂ ಹೊರಬಿದ್ದಿರಲಿಲ್ಲ. ಒಂದೇ ಒಂದು ಸಲ ಆ ಮಾತು ಕೇಳಿಬಿಟ್ಟರೆ ಸಾಕು ಎಂದು ಪ್ರತಾಪ ಒಳಗೊಳಗೇ ಕೊರಗುತ್ತಿದ್ದ.

ಅಷ್ಟರಲ್ಲಿ ಅಧಿಕ ಮಾಸ ಬಂತು. ನಮ್ಮ ಕಡೆ ಅಧಿಕ ಮಾಸವೆಂದರೆ ಅಳಿಯಂದಿರ ಸುಗ್ಗಿ. ಮಗಳು-ಅಳಿಯನನ್ನು ಕರೆಸಬೇಕು, ಹೊಸ ಬಟ್ಟೆ ಉಡಿಸಬೇಕು, ಆರತಿ ಎತ್ತಬೇಕು, ಅನಾರಸವೆಂಬ ಅಕ್ಕಿ-ಬೆಲ್ಲದ ಕಜ್ಜಾಯ ಮೂವತ್ತಮೂರು ಕೊಟ್ಟು ಹೋಳಿಗೆ ಉಣಿಸಿ ಕಳಿಸಬೇಕು. ಮದುವೆ, ಗೃಹಪ್ರವೇಶಗಳಿಗೆ ಮಾತ್ರ ಆ ತಿಂಗಳು ಪೂರ್ತಿ ರಜೆ. ಪ್ರತಾಪನಿಗೆ ಕಾಖಂಡಕಿಯಿಂದ ಕರೆ ಬಂದ ವಾರವೇ ಡಬ್ಬಿಗಳ ಕಂಪನಿಯಿಂದಲೂ ಒಂದು ಸಂದೇಶ ಬಂತು. ಡಬ್ಬಿಯ ಒಳಗೆ ಕೂತು ಅದನ್ನು ನಡೆಸುವ ಫರ್ಮ್‌ವೇರ್ ಎಂಬ ಬುದ್ಧಿ ಹಳತಾಗಿದೆ, ಹೊಸದನ್ನು ಹಾಕಿಕೊಳ್ಳಿ. ಕಟ್ಟಡ ಖಾಲಿ ಇರಲಿ, ಸ್ಥಳದಲ್ಲಿ ಒಬ್ಬರು ನಿಂತಿರಲಿ ಎಂದು ಅದರಲ್ಲಿತ್ತು. ಕೊನೆಯ ಮಾತು ತನ್ನಂಥವರಿಗಲ್ಲ ಎಂದು ಪ್ರತಾಪ ತೀರ್ಮಾನಿಸಿದ.

"ಮಾವಾರ ಕಣ್ಣ ಮುಂದ ಕುಂತು ಇಡೀ ಕಾರ್ಯಾಲಯಕ್ಕ ಹೊಸ ಬುದ್ಧಿ ಹಾಕತೇನಿ. ಅವರ ಬಾಯಿಲೆ ಅಳಿಯ ಅನಸಲಿಲ್ಲಂದ್ರ ಕೇಳು" ಎಂದು ಬಸ್ಸಿನಲ್ಲಿ ಹೆಂಡತಿಗೆ ಹೇಳಿದ.

"ಮಾಲಕರನ್ನ ಒಂದ ಮಾತ ಕೇಳೀರೇನು?"

"ಅಧಿಕ ಮಾಸದಾಗ ಮಂಗಲ ಕಾರ್ಯಾಲಯಕ್ಕ ಯಾರ ಬರತಾರ? ಇಲಿ ಸುದ್ದಾ ಬರಂಗಿಲ್ಲ."

"ಇಲಿಗೆ ಪಂಚಾಂಗ ಗೊತ್ತಿರಂಗಿಲ್ರಿ" ಎಂದು ಸುಮಂಗಲಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಕಾಖಂಡಕಿಯಲ್ಲಿ ಸತ್ಕಾರಕ್ಕೆ ಏನೂ ಕಡಿಮೆ ಇರಲಿಲ್ಲ. ಅತ್ತೆ ರುಕ್ಮವ್ವ ಹಣೆಗೆ ಕುಂಕುಮ ಬಳಿದು ಅಕ್ಕಿಕಾಳು ಅಂಟಿಸಿ ಆರತಿ ಎತ್ತಿದಳು. ಕರೆಪ್ಪ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ಶಾಲು ಹೊದಿಸಿದ. ಹೊಸ ಧೋತರದಲ್ಲಿ ಮಹಾರಾಜನ ಹಾಗೆ ಕೂತ ಪ್ರತಾಪ ಊಟಕ್ಕೆ ಎಲೆ ಹಾಕುವ ಮೊದಲೇ ಶಾಲಿನ ಒಳಗಿಂದ ಮೊಬೈಲು ತೆಗೆದ.

"ಇಲ್ಲಿ ನೋಡ್ರಿ ಮಾವಾರ. ನಾ ಇದನ್ನ ಒತ್ತಿದ್ರ ಅಲ್ಲಿ ವಿಜಾಪುರದಾಗ ಕಟ್ಟಡಕ್ಕ ಹೊಸ ಬುದ್ಧಿ ಬರತೈತಿ."

ಕರೆಪ್ಪ ಕನ್ನಡಕ ಏರಿಸಿದ. "ಹಳೇ ಬುದ್ಧಿಗೆ ಏನಾಗಿತ್ತರಿ?"

"ಏನೂ ಆಗಿರಲಿಲ್ರಿ."

"ಮತ್ತ?"

ಉತ್ತರ ಇಲ್ಲದ ಗಂಡಸು ಮಾಡುವುದನ್ನೇ ಪ್ರತಾಪನೂ ಮಾಡಿದ, ಗುಂಡಿ ಒತ್ತಿಬಿಟ್ಟ. ಅದೂ 'ಎಲ್ಲ ಡಬ್ಬಿಗಳು' ಎಂಬ ಗುಂಡಿ. ಅಲ್ಲಿಯೇ ಎಡವಟ್ಟಾಯಿತು ನೋಡಿ. ಹೊಸ ಬುದ್ಧಿ ಎಲ್ಲ ಡಬ್ಬಿಗಳಿಗೂ ಹೋಗಿ ಮುಟ್ಟುವುದು ಒಂದು ಮುಖ್ಯ ಡಬ್ಬಿಯ ಮೂಲಕ. ಅದರ ಪಾಳಿ ಕೊನೆಗೆ ಬರಬೇಕು. 'ಎಲ್ಲ' ಎಂದದ್ದೇ ತಡ, ಅದು ಎಲ್ಲರಿಗಿಂತ ಮೊದಲು ಬುದ್ಧಿ ಬದಲಿಸಿಕೊಳ್ಳಲು ಹೋಗಿ ಕಣ್ಣು ಮುಚ್ಚಿತು. ಉಳಿದವು ಅರ್ಧ ಹಳೆಯ ಬುದ್ಧಿ, ಅರ್ಧ ಹೊಸ ಬುದ್ಧಿಯಲ್ಲಿ ನಿಂತುಬಿಟ್ಟವು. ಮೊಬೈಲಿನಲ್ಲಿ ಹಸಿರು ಚುಕ್ಕೆಗಳು ಒಂದರ ಹಿಂದೆ ಒಂದು ಕೆಂಪಾದವು.

"ಕೆಂಪ ಅಂದ್ರ ಏನ್ರಿ?" ಎಂದ ಕರೆಪ್ಪ.

"ಕೆಂಪ ಅಂದ್ರ... ಮಂಗಲಕರ, ಮಾವಾರ."

ಅಷ್ಟರಲ್ಲಿ ಗುರಲಿಂಗಪ್ಪನವರ ಫೋನು ಬಂತು. ಹೊಸ ಬುದ್ಧಿಯ ಸುದ್ದಿ ಮಾಲಕರಿಗೆ ಮುಟ್ಟಿದೆ, ಶಾಭಾಸ್ ಎನ್ನಲು ಫೋನು ಮಾಡಿದ್ದಾರೆ ಎಂದುಕೊಂಡ ಆ ಮಹಾಶಯ ಮಾವನಿಗೂ ಕೇಳಲಿ ಎಂದು ಸ್ಪೀಕರ್ ಹಚ್ಚಿದ.

"ಎಲ್ಲಿ ಸತ್ತೀದಿ ಲೇ ಪ್ರತಾಪ?"

"ಸಾಹೇಬ್ರ, ಅತ್ತಿ ಮನ್ಯಾಗ ಅದೀನ್ರಿ."

"ನಾನೂ ನಾಕ ಮಂದಿ ಅಳಿಯಂದಿರನ್ನ ಅಧಿಕ ಮಾಸದ ಊಟಕ್ಕ ಕರದೇನಿ. ಮನ್ಯಾಗ ಜಾಗಾ ಸಾಲೂದಿಲ್ಲಂತ ಕಾರ್ಯಾಲಯದಾಗ ಎಲಿ ಹಾಕಿಸೇನಿ. ಎಸಿ ಬಂದ್ ಆಗೇತಿ, ಲೈಟ್ ಬಂದ್ ಆಗೇತಿ, ಗಾಜಿನ ಬಾಗಲಾ ತಗಿಯವಲ್ದು. ಅಳಿಯಂದಿರು ಒಳಗದಾರ, ಹೋಳಿಗಿ ಹೊರಗೈತಿ."

"ಹಿಂದಿನ ಬಾಗಲಾ ಐತಲ್ರಿ..."

"ಅದಕ್ಕ ಅಡ್ಡ ಮಾಡಿ ಆಳೆತ್ತರ ಖುರ್ಚಿ ಒಟ್ಟಿಸಿದಾಂವ ಯಾಂವ?"

ಒಟ್ಟಿಸಿದವನು ಆರತಿ ತಟ್ಟೆಯ ಮುಂದೆ ಕೂತಿದ್ದ. ಸುಮಂಗಲಾ ಒಂದು ಮಾತು ಬೈದಿದ್ದರೆ ಪ್ರತಾಪನಿಗೆ ಎಷ್ಟೋ ಹಗುರಾಗುತ್ತಿತ್ತು. ಆ ಪುಣ್ಯಗಿತ್ತಿ ಬೈಯಲಿಲ್ಲ, ತಲೆ ತಗ್ಗಿಸಿ ಒಳಗೆ ಹೋದಳು. ಕರೆಪ್ಪ ಗೂಟಕ್ಕೆ ನೇತುಹಾಕಿದ್ದ ಮೋಟಾರ್ ಸೈಕಲ್ ಕೀಲಿ ತೆಗೆದುಕೊಂಡು "ನಡೀರಿ" ಎಂದ.

ಹಾರ ತೆಗೆಯಲು ಸಹ ಪುರುಸೊತ್ತಾಗಲಿಲ್ಲ. ಮಾವನ ಬೆನ್ನಿಗೆ ಅಂಟಿ ಕೂತ ಪ್ರತಾಪನ ಧೋತರ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ದಾರಿಯ ಬಸ್ ನಿಲ್ದಾಣದಲ್ಲಿ ನಿಂತ ಹೆಂಗಸರು "ಅಧಿಕ ಮಾಸದಾಗ ಮದಿವ್ಯಾಗಾಕ ಹೊಂಟಾನ, ಏನ ಅವಸರನೋ" ಎಂದು ನಕ್ಕರು. ಭೂಮಿ ಬಾಯಿ ಬಿಟ್ಟರೆ ಗಾಡಿ ಸಮೇತ ಇಳಿದುಬಿಡುತ್ತಿದ್ದ, ಆದರೆ ಗಾಡಿ ಮಾವನದು.

ಕಾರ್ಯಾಲಯದಲ್ಲಿ ಗಾಜಿನ ಆಚೆಗೆ ನಾಲ್ಕೂ ಅಳಿಯಂದಿರು ಬೆವೆತು ಬಾಳೆ ಎಲೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಈಚೆಗೆ ಗುರಲಿಂಗಪ್ಪನವರು ತುಪ್ಪದ ಮಿಳ್ಳಿ ಹಿಡಿದು, ಅವರ ಹೆಂಡತಿ ವಿದ್ಯಾವತಿ ಹೋಳಿಗೆಯ ಬುಟ್ಟಿ ಹಿಡಿದು ನಿಂತಿದ್ದರು. ಹಿರಿಯ ಅಳಿಯ ಬುಟ್ಟಿಯನ್ನೂ ತನ್ನ ಬಾಯನ್ನೂ ತೋರಿಸಿ ತೋರಿಸಿ ಸೋತು ಕೂತಿದ್ದ. ಪ್ರತಾಪ ಧೋತರ ಮೇಲೆ ಕಟ್ಟಿ ಏಣಿ ಹತ್ತಿದ. ಹೊರಗೋಡೆಗೆ ಬಡಿದಿದ್ದ ಮುಖ್ಯ ಡಬ್ಬಿಯ ಸಣ್ಣ ತೂತಿನೊಳಗೆ ಚುಚ್ಚಿ ಒತ್ತಿದರೆ ಅದು ಎಚ್ಚರಾಗುತ್ತದೆ. ಚುಚ್ಚಲು ಏನೂ ಇಲ್ಲ. ವಿದ್ಯಾವತಿಯವರೇ ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದು ಕೊಟ್ಟರು.

ಡಬ್ಬಿಗೇನೋ ಎಚ್ಚರಾಯಿತು. ಆದರೆ ಅದು ತನ್ನ ಹಳೆಯದನ್ನೆಲ್ಲ ಮರೆತು, ಕಂಪನಿಯಿಂದ ಆಗ ತಾನೇ ಹೊರಬಂದ ಹಾಗೆ ಎದ್ದಿತ್ತು. ಸಂಗಡಿಗರನ್ನೆಲ್ಲ ಒಮ್ಮೆಲೇ ಕೆಲಸಕ್ಕೆ ಹಚ್ಚಿತು. ಬಾಗಿಲು ತೆರೆಯಿತು. ಎಸಿ ಹಿಮಾಲಯದ ಗಾಳಿ ಬಿಟ್ಟಿತು. ಶಹನಾಯಿ ಮೊಳಗಿತು. ಹಿಂದಿನ ಮದುವೆಯಲ್ಲಿ ಉಳಿದ ಒಣ ಪಕಳೆಗಳನ್ನೆಲ್ಲ ಬಾಗಿಲ ಮೇಲಿನ ಯಂತ್ರವು ಹೋಳಿಗೆಯ ಮೇಲೆ, ತುಪ್ಪದ ಮೇಲೆ, ಗುರಲಿಂಗಪ್ಪನವರ ಬೋಳು ತಲೆಯ ಮೇಲೆ ಭಕ್ತಿಯಿಂದ ಸುರಿಯಿತು. "ನವ ವಧೂವರರಿಗೆ ಸುಸ್ವಾಗತ" ಎಂದು ಮೈಕು ಕೂಗಿತು.

ಆಮೇಲೆ ಗುರಲಿಂಗಪ್ಪನವರು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವರು ಬೈದು ಬೈದು ದಣಿದಾಗ ವಿದ್ಯಾವತಿ ನಡುವೆ ಬಂದರು. "ಸಾಕ್ ಬಿಡ್ರಿ. ಹಣಿ ಮ್ಯಾಲಿನ ಕುಂಕುಮ ಇನ್ನೂ ಆರಿಲ್ಲ. ಯಾರದೋ ಮನಿ ಅಳಿಯ, ಉಪವಾಸ ಕಳಸಬಾರದು. ಹಿರ್ಯಾರ, ನೀವೂ ಕೂಡ್ರಿ."

ಪಂಕ್ತಿಯ ಕೊನೆಗೆ ಇನ್ನೆರಡು ಎಲೆ ಬಿದ್ದವು. ನಾಲ್ಕೂ ಅಳಿಯಂದಿರು ಪ್ರತಾಪನನ್ನೇ ನೋಡುತ್ತಿದ್ದರು, ಅವನು ಎಲೆಯ ತುದಿಯ ಉಪ್ಪನ್ನು ನೋಡುತ್ತಿದ್ದ. ಗುರಲಿಂಗಪ್ಪನವರು ತುಪ್ಪದ ಮಿಳ್ಳಿ ಹಿಡಿದು ಬಂದು ಕರೆಪ್ಪನ ಮುಂದೆ ಬಗ್ಗಿದರು.

"ಯಜಮಾನ್ರ, ಈ ಪುಣ್ಯಾತ್ಮ ನಿಮಗ ಏನಾಗಬೇಕ್ರಿ?"

ಪ್ರತಾಪ ತುತ್ತನ್ನು ಅಲ್ಲಿಯೇ ತಡೆದ. ಇಷ್ಟೆಲ್ಲ ಆದ ಮೇಲೂ ಅವನ ಕಿವಿ ಆ ಒಂದು ಮಾತಿಗಾಗಿ ನಿಗುರಿ ನಿಂತಿತು. ಕರೆಪ್ಪ ತಾನೇ ಹಾಕಿದ ಹಾರವನ್ನೂ, ತಾನೇ ಹೊದಿಸಿದ ಶಾಲನ್ನೂ ಸಾವಕಾಶ ನೋಡಿದ. ಬಾಯೊಳಗಿನ ಹೋಳಿಗೆ ನುಂಗಿದ.

"ಯಾರೋ ಏನೋರಿ. ದಾರ್ಯಾಗ ಕೈ ಮಾಡಿದ್ರು, ಗಾಡಿ ಮ್ಯಾಲ ಹತ್ತಿಸಿಕೊಂಡ ಬಂದೇನಿ."